ಅಟ್ಟದ ಮೇಲೊಂದು ಬೋಟು

ಈಗಲೂ ಲ್ಯಾಪ್‌ಟಾಪಿನಲ್ಲಿ ಗೋಡೆ ಅದುರಿಸುವಂಥ ತಗ್ಗಿನ ಸದ್ದು ಹಚ್ಚುವ ಮೊದಲು ನಾನು ಕಿಟಕಿಯಿಂದ ಒಮ್ಮೆ ಜಗಲಿ ನೋಡುತ್ತೇನೆ. ಅಲ್ಲಿ ಹೆಂಗಸರು ಕೂತಿದ್ದರೆ ಹಚ್ಚುವುದಿಲ್ಲ. ಈ ಅಭ್ಯಾಸ ಹೇಗೆ ಬಂತೆಂದು ಹೇಳಬೇಕಾದರೆ ಕಣ್ಣಾರೆ ಕಂಡದ್ದನ್ನೂ ಬೇರೆಯವರು ಹೇಳಿದ್ದನ್ನೂ ಬೇರೆ ಬೇರೆ ಇಟ್ಟು ಹೇಳಬೇಕು. ಯಾಕೆಂದರೆ ಇದರಲ್ಲಿ ತಪ್ಪು ನನ್ನದು, ಸಾಕ್ಷಿಯೂ ನಾನೇ.

ಬೊಬ್ರುವಾಡದ ನಮ್ಮ ಮನೆಯಲ್ಲಿ ಇರುವುದು ಇಬ್ಬರು: ನಾನು ಮತ್ತು ನನ್ನ ಸೋದರತ್ತೆ. ನಾನು ಅಟ್ಟದ ಮೇಲೆ ಕೂತು ನಾಟಕಗಳಿಗೆ, ಮದುವೆಯ ವಿಡಿಯೋಗಳಿಗೆ ಸಂಗೀತ ಮಾಡುತ್ತೇನೆ. ಅತ್ತೆ ಅಂಕೋಲೆಯ ಪೇಟೆಯಲ್ಲಿ ಮೀನು ಮಾರುತ್ತಾಳೆ. ಮೂವತ್ತು ವರ್ಷದಿಂದ ಮಾರುತ್ತಿದ್ದಾಳೆ, ಆದರೆ ಅವಳ ಹೆಸರು ನಿಂತಿರುವುದು ಮೀನಿನ ಮೇಲಲ್ಲ, ಕಿವಿಯ ಮೇಲೆ.

ಬೋಟುಗಳು ಬಂದು ನಿಲ್ಲುವ ನಮ್ಮ ದಕ್ಕೆಯಲ್ಲಿ ಒಂದು ರೂಢಿ ಇದೆ. ಬೋಟು ಬಂದು ತಾಗುವಾಗ ಯಾರ ಬುಟ್ಟಿ ಎಲ್ಲಕ್ಕಿಂತ ಮುಂದಿನ ಕಲ್ಲಿನ ಮೇಲೆ ಇರುತ್ತದೆಯೋ ಅವಳೇ ಮೊದಲು ಮೀನು ಆರಿಸಬೇಕು. ದೊಡ್ಡ ಬೋಟುಗಳ ಮೀನು ನೇರ ಲಾರಿಗೆ ಹೋಗುತ್ತದೆ. ನಮ್ಮ ಹೆಂಗಸರಿಗೆ ಸಿಗುವುದು ಹಳೆಯ ನೀಲಿ ಬೋಟೊಂದರ ಮೀನು. ಅದು ಬರುವುದಕ್ಕೆ ಹೊತ್ತು ಗೊತ್ತಿಲ್ಲ. ಎಂಟಕ್ಕೂ ಬಂದೀತು, ಹನ್ನೊಂದಕ್ಕೂ ಬಂದೀತು. ಆದರೆ ಗುಡ್ಡದ ಆಚೆ ಇರುವಾಗಲೇ ಅದರ ಇಂಜಿನ್ ಅತ್ತೆಗೆ ಕೇಳುತ್ತದೆ. ನಾನು ಎಷ್ಟೋ ಸಲ ಪಕ್ಕದಲ್ಲೇ ಕೂತು ಕಿವಿಗೊಟ್ಟಿದ್ದೇನೆ, ನನಗೆ ಕಾಗೆಯ ಸದ್ದಷ್ಟೇ ಕೇಳಿದೆ. ಅವಳು ಎದ್ದು, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಬುಟ್ಟಿ ಎತ್ತುತ್ತಾಳೆ. ಅವಳ ಹಿಂದೆ ಓಣಿಯ ನಾಲ್ಕು ಹೆಂಗಸರು ಏಳುತ್ತಾರೆ. ಅವಳು ಏಳದಿದ್ದರೆ ಯಾರೂ ಏಳುವುದಿಲ್ಲ. ಬೋಟಿನವರಿಗೆ ಒಂದು ಫೋನ್ ಮಾಡಿದರೆ ಆಗದೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಅವಳು, "ಫೋನು ಸುಳ್ಳು ಹೇಳ್ತದೆ ತಮಾ. ಇಂಜಿನಿಗೆ ಸುಳ್ಳು ಹೇಳೂಕೆ ಬರೂದಿಲ್ಲ" ಎಂದಿದ್ದಳು.

ಇಂಜಿನಿಗೂ ಸುಳ್ಳು ಹೇಳಲು ಬಂತು, ನಾನೇ ಕಲಿಸಿದೆ.

ಕಾರವಾರದ ಒಂದು ನಾಟಕ ತಂಡದವರು ಸಮುದ್ರದ ಕಥೆಯೊಂದನ್ನು ಆಡುವವರಿದ್ದರು. ಅದರಲ್ಲಿ ಒಂದು ಬೋಟು ಬರುತ್ತದೆ, ಆದರೆ ರಂಗದ ಮೇಲೆ ಕಾಣುವುದಿಲ್ಲ. ನಿರ್ದೇಶಕರು ನನಗೆ ಹೇಳಿದ್ದು ಇಷ್ಟು: ಬೋಟು ಬಂದದ್ದು ಮೊದಲು ಜನರ ಕುರ್ಚಿಗೆ ಗೊತ್ತಾಗಬೇಕು, ಆಮೇಲೆ ಹೊಟ್ಟೆಗೆ, ಕೊನೆಗೆ ಕಿವಿಗೆ. ನಿಜವಾದ ಇಂಜಿನ್ ರೆಕಾರ್ಡ್ ಮಾಡಿ ನೋಡಿದೆ. ಗಾಳಿ, ನೀರು, ಬೈಗುಳ ಎಲ್ಲ ಬಂತು, ಆ ಗುದ್ದು ಮಾತ್ರ ಬರಲಿಲ್ಲ. ಹಾಗಾಗಿ ಸದ್ದು ಹುಟ್ಟಿಸುವ ಸಿಂಥ್ ತಂತ್ರಾಂಶದಲ್ಲಿ ಸೊನ್ನೆಯಿಂದ ಬೋಟು ಕಟ್ಟತೊಡಗಿದೆ.

ಮೊದಲು ಒಂದು ಸೈನ್ ವೇವ್ ತೆಗೆದುಕೊಂಡೆ. ಅದು ಎಲ್ಲಕ್ಕಿಂತ ಬರಿದಾದ ಸದ್ದು. ಮರಳಿನ ದಿಬ್ಬದಂತೆ ನುಣ್ಣಗೆ ಏರಿ ಇಳಿಯುವ ಗೆರೆ, ಅಷ್ಟೇ. ಅದನ್ನು ಸೆಕೆಂಡಿಗೆ ಅರವತ್ತು ಸಲ ಅಲುಗುವಷ್ಟು ಕೆಳಕ್ಕೆ ಇಳಿಸಿದೆ. ಒಂದೇ ಸಮನೆ ಗುಂಯ್ಗುಟ್ಟಿದರೆ ಅದು ಫ್ರಿಜ್ ಆಗುತ್ತದೆ, ಬೋಟಾಗುವುದಿಲ್ಲ. ಅದಕ್ಕೆ ಸೆಕೆಂಡಿಗೆ ನಾಲ್ಕು ತುಂಡು ಮಾಡಿದೆ. ಪ್ರತಿ ತುಂಡೂ ಸ್ವಲ್ಪ ಮೇಲಿನಿಂದ ಹುಟ್ಟಿ ತಟ್ಟನೆ ಕೆಳಕ್ಕೆ ಬೀಳಬೇಕು. ಆಗ ಅದು ಗುದ್ದಾಗುತ್ತದೆ. ಸಣ್ಣ ಸ್ಪೀಕರಿನಲ್ಲೂ ಇರವು ತಿಳಿಯಲೆಂದು ಅದರ ಮೇಲೆ ಎರಡು ಪಟ್ಟು ಎತ್ತರದ ಇನ್ನೊಂದು ತೆಳು ಪದರ ಹಾಸಿದೆ. ಕೊನೆಗೊಂದು ಫಿಲ್ಟರ್: ಬೋಟು ದೂರ ಇರುವಾಗ ಮುಚ್ಚಿರುತ್ತದೆ, ಹತ್ತಿರ ಬಂದ ಹಾಗೆ ತೆರೆಯುತ್ತದೆ. ಇದಿಷ್ಟಕ್ಕೆ ಹದಿನೈದು ದಿನ ಹಿಡಿಯಿತು.

ಅಂಕೋಲೆಯ ಶಾಮಿಯಾನದವರೊಬ್ಬರು ತಮ್ಮ ಗೋದಾಮಿನಿಂದ ಹೊರಹಾಕುತ್ತಿದ್ದ, ತಗ್ಗಿನ ಸದ್ದು ಹೊರಡಿಸುವ ಹಳೆಯ ಸಬ್‌ವೂಫರ್ ಡಬ್ಬವೊಂದನ್ನು ನಾನು ರಿಕ್ಷಾದಲ್ಲಿ ತಂದಿದ್ದೆ. ಅಕ್ಕಿ ಪೆಟ್ಟಿಗೆಯಷ್ಟು ದೊಡ್ಡದು. ಅದನ್ನು ಅಟ್ಟದ ಹಲಗೆಯ ಮೇಲೆ, ಮುಂದಿನ ಗೋಡೆಗೆ ತಾಗಿಸಿ ಇಟ್ಟಿದ್ದೆ. ಆ ಗೋಡೆಯ ಕೆಳಗೇ ನಮ್ಮ ಜಗಲಿ. ಅಲ್ಲೇ ಹೆಂಗಸರು ಬೆನ್ನು ಆನಿಸಿ ಕೂತು ಬೋಟು ಕಾಯುವುದು.

ಕೆಲಸ ಮಾಡುವಾಗ ನಾನು ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದೆ. ಹೆಡ್‌ಫೋನ್ ಚುಚ್ಚಿದರೆ ಉಳಿದದ್ದೆಲ್ಲ ತಾನಾಗಿ ಸುಮ್ಮನಾಗುತ್ತದೆ ಎಂದು ತಿಳಿದಿದ್ದೆ. ಮೇಜಿನ ಮೇಲಿನ ಸಣ್ಣ ಸ್ಪೀಕರುಗಳು ಸುಮ್ಮನಾಗುತ್ತಿದ್ದವು ನಿಜ. ಡಬ್ಬಕ್ಕೆ ಬೇರೆ ತಂತಿ ಇತ್ತು, ಅದು ಸುಮ್ಮನಾಗುತ್ತಿರಲಿಲ್ಲ. ಅಷ್ಟು ತಗ್ಗಿನ ಸದ್ದು ಹೆಡ್‌ಫೋನಿನಲ್ಲಿ ಸರಿಯಾಗಿ ತಿಳಿಯುವುದಿಲ್ಲವೆಂದು ನಾನು ಸದ್ದು ಏರಿಸುತ್ತಲೇ ಹೋದೆ. ಊರಿಗೆಲ್ಲ ಕೇಳಿದ ಮೇಲೆ ನನಗೆ ಕೇಳಿತು.

ಹೀಗೆ ಸದ್ದು ಏರಿಸಿದ ಮೊದಲ ದಿನ, ಹತ್ತೂವರೆ ಇರಬಹುದು, ಕಿಟಕಿಯಿಂದ ನೋಡುವಾಗ ಐವರೂ ಬುಟ್ಟಿ ಎತ್ತಿಕೊಂಡು ಹೊರಟಿದ್ದರು. ಅರ್ಧ ಗಂಟೆಯಲ್ಲಿ ಬರಿಗೈಯಲ್ಲಿ ಬಂದರು. ಇವತ್ತು ಬಲೆಗೆ ಏನೂ ಬಿದ್ದಿಲ್ಲ ಎಂದುಕೊಂಡೆ. ಮರುದಿನವೂ ಹಾಗೇ ಆಯಿತು. ಸಮುದ್ರದಲ್ಲಿ ಮೀನು ಕಡಿಮೆಯಾಗಿದೆ ಎಂದುಕೊಂಡೆ. ಮೂರನೆಯ ದಿನ ನೀರು ಕುಡಿಯಲು ಕೈ ಚಾಚಿದರೆ ಲೋಟ ಇಟ್ಟಲ್ಲಿ ಇರಲಿಲ್ಲ. ಅದು ಮೇಜಿನ ಅಂಚಿನ ಕಡೆಗೆ ಒಂದೊಂದೇ ಹೆಜ್ಜೆ ಇಡುತ್ತ ಹೋಗುತ್ತಿತ್ತು. ಸೆಕೆಂಡಿಗೆ ನಾಲ್ಕು ಹೆಜ್ಜೆ. ಹೆಡ್‌ಫೋನ್ ತೆಗೆದೆ. ಕಾಲಡಿಯ ಹಲಗೆ, ಗೋಡೆ, ನನ್ನ ಹಲ್ಲು ಎಲ್ಲ ಅದುರುತ್ತಿದ್ದವು. ಕಿಟಕಿಗೆ ಓಡಿದೆ. ಐದು ಬುಟ್ಟಿಗಳು ಓಣಿಯ ತಿರುವು ದಾಟಿ ಆಗಿತ್ತು.

ಆವತ್ತು ಅವರು ಮರಳಿ ಬಂದಾಗ ನಾಲ್ವರಲ್ಲಿ ಒಬ್ಬಳಾದ ಮೂಲೆಮನೆಯವಳು ಬುಟ್ಟಿಯನ್ನು ಜಗಲಿಯ ಮೇಲೆ ಕವುಚಿ ಹಾಕಿ ಹೇಳಿದ್ದನ್ನು ನಾನು ಸ್ವತಃ ಕೇಳಿದೆ.

"ಅಕ್ಕಾ, ನಿನ್ನ ಕಿವಿಲೇ ಈಗೊಂದು ದಕ್ಕೆ ಆಗ್ಯದೆ ಕಾಣ್ತದೆ. ಬೋಟು ಅಲ್ಲೇ ಬತ್ತದೆ, ಅಲ್ಲೇ ಹೋಗ್ತದೆ."

ಉಳಿದ ಮೂವರು ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು. ಅತ್ತೆ ಆ ಬುಟ್ಟಿಯನ್ನು ನೆಟ್ಟಗೆ ಮಾಡಿ ಇಟ್ಟಳು. ಯಾವತ್ತೂ ಒಂದು ಮಾತಿಗೆ ಎರಡು ಕೊಡುವವಳು ಅವಳು.

ನಾನು ಆಗಲೇ ಇಳಿದು ಹೋಗಿ ಹೇಳಬಹುದಿತ್ತು. ಹೇಳಲಿಲ್ಲ. ಡಬ್ಬದ ತಂತಿ ಕಿತ್ತು, ಮೇಲೊಂದು ಚಾದರ ಹೊದೆಸಿದೆ, ಅಷ್ಟೇ. ನಾಳೆ ಎಲ್ಲ ಸರಿಯಾಗುತ್ತದೆ ಎಂದುಕೊಂಡೆ. ಮರುದಿನ ನಿಜವಾದ ಬೋಟು ಬಂತು. ಅತ್ತೆ ತಲೆ ಎತ್ತಿದಳು, ಏಳಲು ಹೊರಟಳು, ಮತ್ತೆ ಕೂತಳು. ತನ್ನ ಕಿವಿಯನ್ನು ತಾನೇ ನಂಬಲಿಲ್ಲ. ಮೂಲೆಮನೆಯವಳು ಫೋನಿನಲ್ಲಿ ಯಾರನ್ನೋ ಕೇಳಿ ಮೊದಲು ಎದ್ದಳು. ಮೂವರೂ ಅವಳ ಹಿಂದೆ ಹೋದರು. ಅತ್ತೆ ಕೊನೆಯವಳಾಗಿ ಹೋಗಿ, ಉಳಿದ ಮೀನು ತಂದಳು. ಆ ದಿನದ ಬಂಗಡೆ ಮೀನನ್ನು ನಾನು ತಟ್ಟೆಯ ಅಂಚಿಗೆ ಸರಿಸಿದೆ. ಮುಳ್ಳಿನ ತಪ್ಪಲ್ಲ.

ಊಟ ಮುಗಿದ ಮೇಲೆ ಅವಳು ತಟ್ಟೆ ನೋಡುತ್ತ ಹೇಳಿದಳು: "ಕಾರವಾರದಲ್ಲಿ ಕಿವಿ ನೋಡೂ ಡಾಕ್ಟರು ಇದ್ದಾರಲಾ ತಮಾ. ನಾಳೆ ನನ್ನ ಕರಕಂಡು ಹೋಗು."

ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಬಿಣಗಾ ಘಾಟಿಯಲ್ಲಿ ಡ್ರೈವರ್ ಗೇರ್ ಬದಲಿಸುವ ಮೊದಲೇ, ಇನ್ನು ಬದಲಿಸುತ್ತಾನೆ ನೋಡು ಎಂದಳು. ಬದಲಿಸಿದ. ಅವಳ ಕಿವಿಗೆ ಏನೂ ಆಗಿಲ್ಲವೆಂದು ನನಗಿಂತ ಚೆನ್ನಾಗಿ ತಿಳಿದವರು ಆ ಬಸ್ಸಿನಲ್ಲಿ ಯಾರೂ ಇರಲಿಲ್ಲ. ಘಾಟಿ ಇಳಿಯುವಾಗ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಆಕಳಿಸಿದೆ.

ಆಸ್ಪತ್ರೆಯಲ್ಲಿ ಅವಳನ್ನು ಗಾಜಿನ ಗೂಡಿನೊಳಗೆ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರು. ಸದ್ದು ಕೇಳಿದಾಗ ಬೆರಳು ಎತ್ತಬೇಕು. ಹೊರಗೆ ಮಷೀನಿನ ಮುಂದೆ ಪರೀಕ್ಷೆ ಮಾಡುವ ಹುಡುಗಿ ಕೂತಿದ್ದಳು, ಅವಳ ಹಿಂದೆ ನಾನು ನಿಂತಿದ್ದೆ. ಮಷೀನಿನ ಮೇಲೆ ಅಂಕಿಗಳು ಕಾಣುತ್ತಿದ್ದವು. ಎತ್ತರದ ಸದ್ದುಗಳಿಗೆ ಅತ್ತೆಯ ಬೆರಳು ತಡವಾಗಿ ಎದ್ದಿತು. ಕೆಳಗಿಳಿದ ಹಾಗೆ ಚುರುಕಾಯಿತು. ಕೊನೆಯದು ಸೆಕೆಂಡಿಗೆ ನೂರಾ ಇಪ್ಪತ್ತೈದು ಸಲ ಅಲುಗುವ ಸದ್ದು. ನನ್ನ ಬೋಟಿನ ಮೇಲಿನ ತೆಳು ಪದರ ನೂರಾ ಇಪ್ಪತ್ತು. ಎರಡೂ ಸೈನ್ ವೇವ್. ಆ ಮಷೀನೂ ಸದ್ದನ್ನು ತುಂಡು ತುಂಡು ಮಾಡಿ ಕಳಿಸುತ್ತಿತ್ತು. ಇದು ನನಗೆ ಹೊಳೆಯುವಷ್ಟರಲ್ಲಿ ಹುಡುಗಿ ಗುಂಡಿ ಒತ್ತಿಯಾಗಿತ್ತು.

ಅತ್ತೆ ಬೆರಳು ಎತ್ತಲಿಲ್ಲ. ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದು ನೋಡಿದಳು. ಗೂಡಿನ ಬಾಗಿಲು ತೆರೆದಳು.

"ಇದೇ ಬೋಟು. ಇದು ಇಲ್ಲಿ ಹ್ಯಾಂಗೆ ಬಂತು?"

ಹುಡುಗಿ ಯಾವ ಬೋಟು ಎಂದು ಕೇಳಿದಳು. ಅತ್ತೆ ಅವಳನ್ನು ನೋಡಲಿಲ್ಲ. ಮಷೀನು ನೋಡಿದಳು, ಅದರ ತಂತಿ ನೋಡಿದಳು, ತಂತಿಯಿಂದ ಕಣ್ಣು ನಿಧಾನವಾಗಿ ಮೇಲೇರಿಸಿ ನನ್ನನ್ನು ನೋಡಿದಳು. ತಂತಿ, ಡಬ್ಬ, ಹೆಡ್‌ಫೋನ್ ಇವೆಲ್ಲ ಇರುವ ಇನ್ನೊಂದು ಜಾಗ ಅವಳಿಗೆ ಗೊತ್ತಿತ್ತು. ದಿನವೂ ಅಲ್ಲಿಗೆ ಚಹಾ ತಂದುಕೊಡುವವಳು ಅವಳೇ. ನಾನು ಗೋಡೆಯ ಮೇಲಿನ ಕಿವಿಯ ಚಿತ್ರ ಓದತೊಡಗಿದೆ.

ಡಾಕ್ಟರು ಗೆರೆ ಎಳೆದ ಕಾಗದ ಕೊಟ್ಟು, ಈ ವಯಸ್ಸಿಗೆ ತಗ್ಗಿನ ಸದ್ದು ಇಷ್ಟು ಚೆನ್ನಾಗಿ ಕೇಳುವುದು ಅಪರೂಪ ಎಂದರು. ಅತ್ತೆ ಆ ಕಾಗದವನ್ನು ಮಡಚದೆ ಬಸ್ ಸ್ಟ್ಯಾಂಡಿನವರೆಗೂ ಎರಡು ಕೈಯಲ್ಲಿ ಹಿಡಿದು ನಡೆದಳು. ಅಲ್ಲಿ ಬೆಂಚಿನ ಮೇಲೆ ಕೂತು ನಾನು ಎಲ್ಲವನ್ನೂ ಹೇಳಿದೆ, ಲೋಟ ನಡೆದದ್ದನ್ನೂ ಸೇರಿಸಿ. ಬೈಯುತ್ತಾಳೆಂದು ಕಾದೆ. ಅವಳಿಗೆ ನನ್ನ ಮೇಲಿದ್ದುದಕ್ಕಿಂತ ತನ್ನ ಮೇಲೆ ಹೆಚ್ಚು ಸಿಟ್ಟಿತ್ತು. ನೀಲಿ ಬೋಟಿನ ಇಂಜಿನ್ ಏಳು ಸಲ ಬಡಿದು ಎಂಟನೆಯದನ್ನು ನುಂಗುತ್ತದಂತೆ. ನನ್ನದು ನುಂಗುತ್ತಿರಲಿಲ್ಲ. ಅದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಆದರೆ ಬೋಟಿನ ಯಜಮಾನ, ಈ ವಾರ ಇಂಜಿನ್ ರಿಪೇರಿ ಮಾಡಿಸುತ್ತೇನೆ ಎಂದು ದಕ್ಕೆಯಲ್ಲಿ ಎಲ್ಲರ ಮುಂದೆ ಹೇಳಿದ್ದ. ಅವನು ನಾಲ್ಕು ವರ್ಷದಿಂದ ಅದನ್ನೇ ಹೇಳುತ್ತಿದ್ದಾನೆ. ರಿಪೇರಿಯಾಗಿದ್ದಕ್ಕೇ ನುಂಗುತ್ತಿಲ್ಲವೆಂದು ಈ ಸಲ ನಂಬಿಬಿಟ್ಟೆನಲ್ಲ ಎಂಬುದೇ ಅವಳ ಸಂಕಟ.

ಅಂಕೋಲೆಯಲ್ಲಿ ಇಳಿಯುವಾಗ ಅವಳು ಹೇಳಿದಳು: "ನಾಳೆ ಡಬ್ಬ ಹಚ್ಚು. ನಾನು ಸಿಂಬಿ ಬಿಚ್ಚಿ ಕೊಡವಿದಾಗ ಹಚ್ಚಬೇಕು. ಅದ್ಕಿಂತ ಮೊದಲೂ ಬೇಡ, ನಂತರವೂ ಬೇಡ."

ಮರುದಿನ ಬೆಳಿಗ್ಗೆ ನಡೆದದ್ದನ್ನು ನಾನು ಮೇಲಿನಿಂದ ಪೂರ್ತಿ ನೋಡಿದ್ದೇನೆ. ಐವರೂ ಜಗಲಿಯಲ್ಲಿದ್ದರು. ಅತ್ತೆ ಸಿಂಬಿ ಬಿಚ್ಚಿ ಕೊಡವಿದಳು. ನಾನು ಹಚ್ಚಿದೆ. ನಾಲ್ವರೂ ತಲೆ ಎತ್ತಿದರು, ಬುಟ್ಟಿಗೆ ಕೈ ಹಾಕಿದರು, ಅತ್ತೆಯನ್ನು ನೋಡಿದರು. ಅತ್ತೆ ಸಿಂಬಿಯನ್ನು ಮತ್ತೆ ಸುತ್ತುತ್ತಿದ್ದಳು.

"ಕೂತ್ಕಳ್ಳಿ. ಅದು ಬೋಟಲ್ಲ."

ಮೂಲೆಮನೆಯವಳು ಕೂರಲಿಲ್ಲ. ಇನ್ನೊಬ್ಬಳನ್ನು ಕರೆದುಕೊಂಡು ದಕ್ಕೆಗೆ ಹೋಗಿ, ಬೆವರು ಒರೆಸುತ್ತ ಬಂದಳು. ಅತ್ತೆ ಆಗ ಮೇಲೆ ಬೆರಳು ತೋರಿಸಿದಳು. ನಾಲ್ವರೂ ಏಣಿಮೆಟ್ಟಿಲು ಹತ್ತಿ ನನ್ನ ಕೋಣೆಗೆ ಬಂದರು. ನಾನು ಎದ್ದು ನಿಂತೆ. ಚಾದರ ತೆಗೆದು ಡಬ್ಬ ತೋರಿಸಿದೆ. ಮೂಲೆಮನೆಯವಳು ಅದರ ಸುತ್ತ ಒಂದು ಸುತ್ತು ಬಂದು, ಇದರೊಳಗೆ ಡೀಸೆಲ್ ಎಲ್ಲಿ ಹಾಕುವುದು ಎಂದು ಕೇಳಿದಳು. ಎಲ್ಲರೂ ನಕ್ಕರು. ಇನ್ನೊಮ್ಮೆ ಹಚ್ಚು ಎಂದರು. ಹಚ್ಚಿದೆ. ನಾಲ್ವರೂ ಡಬ್ಬದ ಮೇಲೆ ಅಂಗೈ ಇಟ್ಟರು. ಬಳೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಒಬ್ಬಳು ಗಲ್ಲವನ್ನೇ ಆನಿಸಿದಳು.

ಆಗ ನಾನು ಕಿಟಕಿಯಿಂದ ಕೆಳಗೆ ನೋಡಿದೆ. ಅತ್ತೆ ಎದ್ದು ನಿಂತಿದ್ದಳು. ಸಿಂಬಿ ತಲೆಯ ಮೇಲಿತ್ತು. ಬುಟ್ಟಿ ಎತ್ತಿಕೊಂಡು ಅವಳು ದಕ್ಕೆಯ ಕಡೆಗೆ ನಡೆದಳು, ಓಡಲಿಲ್ಲ. ಎಲ್ಲ ಗೊತ್ತಿದ್ದೂ ಮತ್ತೆ ಮೋಸ ಹೋದಳಲ್ಲ, ಇನ್ನು ಇವರು ಅವಳನ್ನು ಬಿಟ್ಟಾರೆಯೇ? ಅವಳು ತಿರುವು ದಾಟುವವರೆಗೆ ನನ್ನ ಕೈ ಏಳಲಿಲ್ಲ. ಆಮೇಲೆ ಸದ್ದು ನಿಲ್ಲಿಸಿದೆ.

ಸದ್ದು ನಿಂತಿತು. ಗುದ್ದು ನಿಲ್ಲಲಿಲ್ಲ.

ನಾನು ಎಣಿಸಿದೆ. ಏಳು ಬಡಿತ, ಒಂದು ಖಾಲಿ. ಏಳು ಬಡಿತ, ಒಂದು ಖಾಲಿ. ಗುಡ್ಡ ದಾಟಿ ಬೋಟು ಒಳಗೆ ಬರುತ್ತಿತ್ತು. ನಾಲ್ವರೂ ಡಬ್ಬ ನೋಡಿದರು, ನನ್ನನ್ನು ನೋಡಿದರು. ನಾನಲ್ಲವೆಂದು ನಾನು ಎರಡು ಕೈಯನ್ನೂ ಮೇಲೆತ್ತಿ ತೋರಿಸಿದೆ. ಆಮೇಲೆ ಮೆಟ್ಟಿಲ ಹತ್ತಿರ ನಡೆದದ್ದನ್ನು ವಿವರಿಸುವುದು ಮರ್ಯಾದೆಯಲ್ಲ. ನಮ್ಮ ಅಟ್ಟದ ಮೆಟ್ಟಿಲಲ್ಲಿ ಒಂದು ಸಲಕ್ಕೆ ಒಬ್ಬರೇ ಇಳಿಯಬಹುದು ಎಂದಷ್ಟೇ ಹೇಳುತ್ತೇನೆ.

ದಕ್ಕೆಯಲ್ಲಿ ಏನಾಯಿತೆಂದು ನಾನು ನೋಡಿಲ್ಲ. ಮುಂದಿನ ಕಲ್ಲಿನ ಮೇಲೆ ಅತ್ತೆಯ ಬುಟ್ಟಿ ಇತ್ತೆಂದೂ, ಅವಳು ಅದರ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಿದ್ದಳೆಂದೂ ಮೂಲೆಮನೆಯವಳೇ ಆಮೇಲೆ ಹೇಳಿದಳು. ನಮ್ಮೆಲ್ಲರನ್ನು ಮಾಳಿಗೆಗೆ ಹತ್ತಿಸಿ ಅಕ್ಕ ಸಮುದ್ರಕ್ಕೆ ಹೋದಳು ಎಂದು ಈಗಲೂ ಹೇಳುತ್ತಾಳೆ. ಬೋಟು ಬರುವ ಹೊತ್ತು ಅತ್ತೆಗೆ ಮೊದಲೇ ಅಂದಾಜಿತ್ತೇ, ಇಲ್ಲ ತಾನಾಗಿ ಕೂಡಿಬಂತೇ ಎಂದು ನಾನು ಕೇಳಿದೆ. ಅವಳು ದೊಡ್ಡದೊಂದು ಪಾಪ್ಲೆಟ್ ಮೀನು ಕೊಯ್ಯುತ್ತಿದ್ದಳು. ಉತ್ತರ ಬೇರೆಯೇ ಬಂತು.

"ನಿನ್ನ ಬೋಟು ಉಸಿರು ತಕ್ಕಳೂದಿಲ್ಲ ತಮಾ. ಉಸಿರಿಲ್ಲದ್ದು ದಕ್ಕೆಗೆ ಹ್ಯಾಂಗೆ ಬತ್ತದೆ?"

ಕಿವಿಯ ಕಾಗದ ಈಗ ನಮ್ಮ ಜಗಲಿಯಲ್ಲಿ ಕ್ಯಾಲೆಂಡರಿನ ಪಕ್ಕ ತೂಗುತ್ತಿದೆ. ನಾಲ್ವರೂ ಅದರ ಗೆರೆಯ ಮೇಲೆ ಬೆರಳಾಡಿಸಿ ನೋಡಿದ್ದಾರೆ. ಅತ್ತೆ ಎದ್ದರೆ ಎಲ್ಲರೂ ಏಳುತ್ತಾರೆ.

ನಾನು ಲ್ಯಾಪ್‌ಟಾಪಿನಲ್ಲಿ ಪ್ರತಿ ಎಂಟನೆಯ ಗುದ್ದನ್ನು ಅಳಿಸಿದೆ. ಪೂರ್ತಿ ಅಳಿಸಿದಾಗ ಸರಿಯಾಗಲಿಲ್ಲ. ಅದರ ಬಾಲದ ಒಂದು ಚೂರು ಉಳಿಸಿದಾಗ ಸರಿಯಾಯಿತು. ನಿರ್ದೇಶಕರು ಕೇಳಿ, ಇಂಜಿನ್ ಎಲ್ಲೋ ತಪ್ಪುತ್ತಿದೆ, ಸರಿ ಮಾಡಿ ಎಂದರು. ಈ ವಾರ ಮಾಡುತ್ತೇನೆ ಎಂದೆ.

ಪ್ರಯೋಗದ ಸಂಜೆ ಐವರೂ ಕಾರವಾರಕ್ಕೆ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ನಾನು ರಂಗದ ಪಕ್ಕದ ಮೂಲೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಇದ್ದೆ; ಅವರ ಮುಖ ನನಗೆ ಕಾಣುತ್ತಿತ್ತು. ಫಿಲ್ಟರ್ ಪೂರ್ತಿ ಮುಚ್ಚಿ ಬೋಟು ಬಿಟ್ಟೆ. ಏಳು ಬಡಿತ, ಒಂದು ಖಾಲಿ. ನಾಲ್ವರೂ ರಂಗವನ್ನೇ ನೋಡುತ್ತಿದ್ದರು. ಅತ್ತೆಯ ಬಲಗೈ ಮಡಿಲಿಂದ ಮೆಲ್ಲಗೆ ಜಾರಿ ಕುರ್ಚಿಯ ಕೆಳಗೆ ಹೋಯಿತು. ಅಲ್ಲಿ ಸ್ವಲ್ಪ ಹೊತ್ತು ಬುಟ್ಟಿ ಹುಡುಕಿ, ಸಿಗದೆ, ವಾಪಸು ಬಂತು. ಅವಳು ಮೂಲೆಮನೆಯವಳ ಕಡೆ ಒಮ್ಮೆ ನೋಡಿದಳು. ಮೂಲೆಮನೆಯವಳು ಕಂಡಿರಲಿಲ್ಲ. ಆಮೇಲೆ ನನ್ನ ಕಡೆ ನೋಡಿದಳು.

ನಾನು ಏನೂ ಕಾಣದವನಂತೆ ಆಕಳಿಸಿದೆ.