ಹುಡೇದ ಕಾಲಬುಡದ ಮಣ್ಣು

ಕಳೆದ ವಾರ ನಮ್ಮ ಹಿಂದಿನ ಮನೆಯವರು ತಮ್ಮ ಹಳೆಯ ಮಾಳಿಗೆ ಕೆಡವಿಸಿದರು. ಬನಹಟ್ಟಿಯಲ್ಲಿ ಮಣ್ಣು ಹಾಸಿದ ಚಾವಣಿಯ ಮಾಳಿಗೆ ಉಳಿದಿದ್ದೇ ಅಪರೂಪ, ನಮ್ಮ ಓಣಿಯಲ್ಲಂತೂ ಅದೇ ಕೊನೆಯದು. ಸುತ್ತಲಿನ ಮಗ್ಗಗಳ ಖಟಪಟದಲ್ಲಿ ಗುದ್ದಲಿಯ ಸದ್ದು ನನಗೆ ಕೇಳಿಸಿರಲಿಲ್ಲ. ರೊಟ್ಟಿ ಬಡಿಯುತ್ತ ಕುಳಿತಿದ್ದೆ. ಕಿಟಕಿಯಿಂದ ಧೂಳು ಬಂತು, ಧೂಳಿನ ಜತೆಗೆ ಆ ವಾಸನೆ. ಸ್ವಲ್ಪ ಉಪ್ಪು, ಸ್ವಲ್ಪ ಹೊಗೆ, ನೆಲದೊಳಗೆ ಬಹಳ ದಿನ ಮುಚ್ಚಿಟ್ಟ ಕಾಳಿನ ಹಗೇವಿನ ಬಾಯಿ ತೆರೆದಂತೆ. ನನ್ನ ಕೈ ನಿಂತುಹೋಯಿತು. ಹಂಚಿನ ಮೇಲಿನ ರೊಟ್ಟಿ ಸೀದ ಮೇಲೆ ಸೊಸೆ ಓಡಿ ಬಂದಳು. "ಅತ್ತಿ, ಯಾಕ್ರಿ, ಮೈಯಾಗ ಆರಾಮ ಇಲ್ಲೇನ್ರಿ?" ಅಂದಳು. "ಏನಿಲ್ಲ ಬಿಡವಾ, ಕಿಡಕಿ ಮುಚ್ಚು" ಅಂದೆ. ಮಣ್ಣಿನ ವಾಸನೆ ಎಂದರೆ ಎಲ್ಲರಿಗೂ ಮೊದಲ ಮಳೆ ನೆನಪಾಗುತ್ತದೆ, ಜೀವ ತಂಪಾಗುತ್ತದೆ. ನನಗೆ ಅಂಜಿಕೆ ಬರುತ್ತದೆ. ಐವತ್ತು ದಾಟಿದ, ಮೊಮ್ಮಕ್ಕಳನ್ನು ಕಂಡ ಹೆಂಗಸು ಮಣ್ಣಿಗೆ ಅಂಜುತ್ತಾಳೆ ಎಂದರೆ ನೀವು ನಗುತ್ತೀರಿ. ನಗ್ರಿ. ನಕ್ಕವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ನಮ್ಮ ತವರೂರು ಬೀಳಗಿಯಿಂದ ಜಮಖಂಡಿಗೆ ಬರುವ ಕಡೆ, ಎರಡು ಗುಡ್ಡಗಳ ಸಂದಿಯಲ್ಲಿದೆ. ಹೆಸರು ಹೇಳುವುದಿಲ್ಲ. ಹೇಳಿದರೆ "ಅಯ್ಯ, ಅದು ನಮ್ಮ ಬೀಗರೂರು" ಎನ್ನುವವರು ಹತ್ತು ಮಂದಿ ಹುಟ್ಟಿಕೊಳ್ಳುತ್ತಾರೆ. ಈಗ ಅದು ಪಟ್ಟಣ ಪಂಚಾಯಿತಿ ಆಗಿದೆ. ಬಸ್ ನಿಲ್ಲುವಲ್ಲಿ ಒಂದು ನೀಲಿ ಬೋರ್ಡು ಹಾಕಿದ್ದಾರೆ, ನೋಡತಕ್ಕ ಸ್ಥಳಗಳು ಅಂತ. ಊರ ಅಗಸಿ ಬಾಗಿಲು, ಮೆಟ್ಟಿಲ ಬಾವಿ, ಗುಡ್ಡದ ಬೀರಪ್ಪನ ಗುಡಿ, ಕೊನೆಗೆ ಹುಡೇ ಇದ್ದ ಜಾಗ. ನಮ್ಮ ಅಜ್ಜ, ಅಂದರೆ ಮುತ್ಯಾ, ಬದುಕಿದ್ದರೆ ಈ ಬೋರ್ಡಿನ ಮುಂದೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ. ಅವನ ಪ್ರಕಾರ ಇವು ಯಾವುವೂ ನೋಡುವ ಜಾಗಗಳಲ್ಲ, ಅಡಗುವ ಜಾಗಗಳು. ಅಗಸಿಯ ಕಟ್ಟೆಯ ಮೇಲೆ ಉಣ್ಣೆ ನೂಲುತ್ತ ಕುಳಿತು ನಮಗೆ ಊರಿನ ಕಥೆ ಹೇಳುತ್ತಿದ್ದ. "ದಂಡು ಬಂತಂದ್ರ ಅಗಸಿ ಹಾಕತಿದ್ರು. ಅಗಸಿ ಮುರದ್ರ ಹೆಣ್ಣಮಕ್ಕಳು ಬಾವ್ಯಾಗ ಇಳೀತಿದ್ರು. ಕುರಿ ಗುಡ್ಡದಾಗ, ಕಾಳು ಹಗೇದಾಗ, ಗಂಡಸರು ಹುಡೇದ ಮ್ಯಾಲೆ. ಈ ಊರ ಕಟ್ಟಿದಾಂವ ರಾಜಾ ಅಲ್ಲ ಮಗಳ, ಅಂಜಿಕಿ." ಇದನ್ನು ಕೇಳಿ ಬೇರೆ ಹುಡುಗರಿಗೆ ಮೀಸೆ ತಿರುವುವ ಹುಮ್ಮಸ್ಸು ಬರುತ್ತಿತ್ತು. ನನಗೆ ಮಾತ್ರ ದಂಡು ಈಗಲೇ ಗುಡ್ಡದ ಆಚೆ ಬಂದು ನಿಂತಿದೆ ಅನಿಸುತ್ತಿತ್ತು. ಅಗಸಿಗೆ ಉಳಿದಿದ್ದ ಒಂದೇ ಕದದಲ್ಲಿ ಆನೆ ತಡೆಯುವ ಕಬ್ಬಿಣದ ಮುಳ್ಳುಗಳಿದ್ದವು. ಶಾಲೆ ಬಿಟ್ಟು ಒಬ್ಬಳೇ ಬರುವಾಗ ಆ ಕದದ ಮುಂದೆ ಕಣ್ಣು ಮುಚ್ಚಿ ಓಡುತ್ತಿದ್ದೆ. ಬಾವಲಿಗಳ ನಾತ ಬರುವ ಮೆಟ್ಟಿಲ ಬಾವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಅಂಜಿಕೆ ಹುಡೇದು. ಹುಡೇ ಎಂದರೆ ಕಾವಲಿನ ಬುರುಜು, ಹೊರಗೆ ಕಲ್ಲಿನ ಹೊದಿಕೆ, ಒಳಗೆಲ್ಲ ತುಳಿದು ತುಂಬಿದ ಮಣ್ಣು. ನಮ್ಮ ಮನೆ ಅದರ ಬುಡದಲ್ಲೇ ಇತ್ತು. ನಮ್ಮ ಕಡೆಯ ಕಲ್ಲನ್ನು ಯಾವ ಕಾಲದಲ್ಲೋ ಯಾರ್ಯಾರೋ ಕಿತ್ತು ಮನೆ ಕಟ್ಟಿಸಿಕೊಂಡಿದ್ದರು, ಉಳಿದದ್ದು ಬರೀ ಮಣ್ಣಿನ ಮೈ. ಊರಿಗೆಲ್ಲ ಬಿಸಿಲು ಬಂದು ಎಷ್ಟೋ ಹೊತ್ತಾದ ಮೇಲೆ ನಮ್ಮ ಅಂಗಳಕ್ಕೆ ಬರುತ್ತಿತ್ತು. ಕಂಬಳಿ, ಕುರಿಹಾಲು, ಒಲೆಯ ಹೊಗೆ, ಬೆಳಕಿಂಡಿಯಿಂದ ಇಳಿಯುವ ಒಂದು ಕೋಲು ಬೆಳಕು, ಅಷ್ಟೇ ಆ ಮನೆ. ಅಪ್ಪ ಕುರಿ ಹೊಡೆದುಕೊಂಡು ತಿಂಗಳುಗಟ್ಟಲೆ ಹೊರಗೇ ಇರುತ್ತಿದ್ದ. ಮನೆಯಲ್ಲಿ ಮುತ್ಯಾ, ಅಪ್ಪನನ್ನು ಹೆತ್ತ ಆಯಿ, ನಮ್ಮವ್ವ, ನಾನು, ಮತ್ತೆ ಬಾಳವ್ವತ್ತಿ. ಬಾಳವ್ವತ್ತಿ ಅಪ್ಪನ ತಂಗಿ, ಗಂಡ ತೀರಿದ ಮೇಲೆ ತವರಿಗೆ ಬಂದವಳು. ಬಾಯಿ ತುಂಬ ಎಲೆ ಅಡಿಕೆ, ಓಣಿ ತುಂಬ ಅವಳ ನಗು. ಸಣಕಲು ಮೈಯವಳು, ಆದರೆ ಎರಡು ಕೊಡ ಹೊತ್ತು ಗುಡ್ಡ ಹತ್ತುವಳು. ಎಲ್ಲರನ್ನೂ ಗೇಲಿ ಮಾಡುತ್ತಿದ್ದಳು, ನನ್ನ ಅಂಜಿಕೆಯೊಂದನ್ನು ಬಿಟ್ಟು. ದಿನಾ ಬೆಳಿಗ್ಗೆ ನನ್ನ ಕೈ ಹಿಡಿದು ಅಗಸಿ ದಾಟಿಸಿ, "ನಡಿ ಇನ್ನ, ಇಲ್ಲಿಂದ ಊರ ನಿಂದ" ಎಂದು ಕಳಿಸುತ್ತಿದ್ದಳು. ಅವಳನ್ನು ನೆನೆದರೆ ಈಗಲೂ ನನ್ನ ಬಲಗೈ ಬೆಚ್ಚಗಾಗುತ್ತದೆ.

ಮಣ್ಣಿನ ಮಾಳಿಗೆ ಕಂಡವರಿಗೆ ಗೊತ್ತು, ಮಳೆಗಾಲ ಬರುವ ಮೊದಲು ಅದರ ಮೇಲಿನ ಹಳೆಯ ಪದರು ಕೆರೆದು ಹೊಸ ಮಣ್ಣು ಹಾಕಬೇಕು, ಇಲ್ಲದಿದ್ದರೆ ಮನೆಯೊಳಗೇ ಮಳೆ. ಅದಕ್ಕೆ ಹೊಲದ ಮಣ್ಣು ನಡೆಯುವುದಿಲ್ಲ. ನೂರಾರು ವರ್ಷ ಬಿಸಿಲು ಗಾಳಿ ತಿಂದು ಬೂದಿಯಂತಾದ ಹಾಳಮಣ್ಣೇ ಬೇಕು. ಅದರಲ್ಲಿ ನೀರು ಇಳಿಯುವುದಿಲ್ಲ, ಹುಲ್ಲೂ ಹುಟ್ಟುವುದಿಲ್ಲ. ನಮ್ಮೂರಲ್ಲಿ ಅಂಥ ಮಣ್ಣು ಇದ್ದದ್ದು ಹುಡೇದಲ್ಲಿ. ಮಿರಗದ ಮಳೆ, ಅಂದರೆ ಮೃಗಶಿರಾ, ಕೂಡುವುದರೊಳಗೆ ಊರ ಹೆಂಗಸರೆಲ್ಲ ಬುಟ್ಟಿ ಹಿಡಿದು ಬರುತ್ತಿದ್ದರು. ಆಯಿ ಮೊದಲು ಕಾಯಿ ಒಡೆದು, ಎಲೆ ಅಡಿಕೆ ಇಟ್ಟು, "ನಿನ್ನ ಮೈ ಒಂದೀಟ ಕೊಡಪಾ, ನಮ್ಮ ತಲಿ ಮ್ಯಾಲೆ ಇಟ್ಕೋತೀವಿ" ಎಂದು ಕೈ ಮುಗಿಯುತ್ತಿದ್ದಳು. ಆಮೇಲೆ ಗುದ್ದಲಿ. ಹುಡೇದ ನೆತ್ತಿಯ ಮೇಲೆ ಹನಮಪ್ಪನ ಸಣ್ಣ ಗುಡಿ ಇತ್ತು. ಆದ್ದರಿಂದ ಮೇಲಿನಿಂದ ಒಂದು ಹಿಡಿ ಮಣ್ಣನ್ನೂ ಯಾರೂ ಮುಟ್ಟುತ್ತಿರಲಿಲ್ಲ. ದೇವರ ತಲೆಗೆ ಗುದ್ದಲಿ ಹಾಕುತ್ತಾರೆಯೇ? ಕಾಲಬುಡದಿಂದ ಬೇಡಿ ತಗೊಳ್ಳಬೇಕು. ಹೀಗೆ ನಮ್ಮ ಊರಿನ ಭಕ್ತಿ ವರ್ಷಾ ವರ್ಷಾ ಹುಡೇದ ಬುಡವನ್ನು ಕೊರೆಯುತ್ತ, ಒಂದು ಗವಿಯನ್ನೇ ಮಾಡಿತ್ತು. ಅದರ ಬಾಯಿ ಸಣ್ಣದು, ದೊಡ್ಡವರು ಹೊಕ್ಕರೆ ಒಳಗೆ ಹೊರಳಲು ಆಗುತ್ತಿರಲಿಲ್ಲ. ಹೀಗಾಗಿ ಓಣಿಯ ಸಣ್ಣ ಹುಡುಗಿಯರು ಸರದಿಯ ಮೇಲೆ ಒಳಗೆ ಹೋಗಿ ಬುಟ್ಟಿ ತುಂಬಿ ಹೊರಗೆ ದೂಡುತ್ತಿದ್ದರು. ಇದು ಯಾರಿಗೂ ತಪ್ಪು ಅನಿಸಿರಲಿಲ್ಲ.

ನನ್ನ ಸರದಿ ಮೊದಲ ಸಲ ಬಂದಾಗ ನಾನು ಗವಿಯೊಳಗೆ ನಾಲ್ಕು ಬುಟ್ಟಿ ತುಂಬಿದ್ದೆನೋ ಇಲ್ಲವೋ, ಕುತ್ತಿಗೆಯ ಮೇಲೆ ಸಣ್ಣಗೆ ಮಣ್ಣು ಸುರಿಯಿತು. ಕಿರುಚಿಕೊಂಡು ಹೊರಗೆ ಬಂದೆ. "ಆಯಿ, ಹುಡೇ ಬೀಳಾಕತ್ತೈತಿ, ಎಲ್ಲಾರೂ ಓಡ್ರಿ!" ಬುಟ್ಟಿ ಬಿಟ್ಟು ನಾಲ್ಕೈದು ಹೆಂಗಸರು ಓಡಿಯೇ ಬಿಟ್ಟರು. ಹುಡೇ ಬೀಳಲಿಲ್ಲ. ಓಡಿದವರಿಗೆ ನಾಚಿಕೆಯಾಯಿತು, ಆ ನಾಚಿಕೆಯೆಲ್ಲ ನಗುವಾಗಿ ನನ್ನ ಮೇಲೆ ಬಿತ್ತು. ಎದುರು ಮನೆಯ ಸತ್ಯವ್ವ ಅಂದಿನಿಂದ ಬರೀ ರೇಣಿಯಾಗಿದ್ದ ನನಗೆ ಹುಡೇ ರೇಣಿ ಅಂತ ಹೆಸರಿಟ್ಟಳು. ವರ್ಷವಿಡೀ ನನ್ನನ್ನು ಕಂಡಲ್ಲೆಲ್ಲ, "ಏನಬೇ ಹುಡೇ ರೇಣಿ, ಇವತ್ತರೆ ಬಿತ್ತೇನ?" ಎಂದು ಕೇಳುವಳು. ನೀರಿಗೆ ಹೋದರೆ ಅದೇ ಮಾತು, ಅಂಗಡಿಗೆ ಹೋದರೆ ಅದೇ ಮಾತು. ಅಂಜುವವರ ಮೇಲೆ ಕಪ್ಪೆ ಎಸೆಯುವುದು ಊರಿಗೆ ಹಬ್ಬ. ಆಯಿಯೂ ನಕ್ಕಳು, ಅವ್ವನೂ ನಕ್ಕಳು. ಅಂಜಿಕೆಗಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು.

ಮರುವರ್ಷ ಮಿರಗಕ್ಕೆ ಇನ್ನೂ ಒಂದು ವಾರ ಇರುವಾಗ ಶನಿವಾರ ಬಂತು. ಹನಮಪ್ಪನಿಗೆ ಎಣ್ಣೆ ಹಾಕಿ ಬಾ ಎಂದು ಆಯಿ ನನ್ನನ್ನು ಹುಡೇದ ಮೇಲೆ ಕಳಿಸಿದಳು. ಎಣ್ಣೆ ಹಾಕಿ ಗುಡಿ ಸುತ್ತುವಾಗ ಹಿಂದುಗಡೆ ನೆಲದಲ್ಲಿ ಒಂದು ಸೀಳು ಕಂಡೆ. ನಮ್ಮ ಮನೆಯ ಕಡೆಗೇ ಇತ್ತು. ಕೂತು ಅದರೊಳಗೆ ಕೈ ಇಟ್ಟೆ. ಮಣಿಕಟ್ಟಿನವರೆಗೂ ಇಳಿಯಿತು, ಒಳಗಿಂದ ತಣ್ಣನೆಯ ಗಾಳಿ ಬೆರಳಿಗೆ ತಾಗಿತು. ಕೆಳಗೆ ನೋಡಿದರೆ ನಮ್ಮ ಅಂಗಳ, ಅಂಗಳದಲ್ಲಿ ಬಾಳವ್ವತ್ತಿ ಕಂಬಳಿ ಝಾಡಿಸುತ್ತಿದ್ದಳು. ಕೂಗಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಎದುರು ಕಟ್ಟೆಯ ಮೇಲೆ ಸತ್ಯವ್ವ ಕಂಡಳು, ಬಾಯಿ ಮುಚ್ಚಿದೆ. ಇಳಿದು ಬಂದು ಯಾರಿಗೂ ಹೇಳಲಿಲ್ಲ. ಒಂದು ವಾರ ಅನ್ನ ಸೇರಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲಿಂದ ಇಣುಕಿ, ಹುಡೇ ಇದ್ದಲ್ಲೇ ಇದೆಯೇ ಎಂದು ನೋಡುವುದೇ ನನ್ನ ಕೆಲಸವಾಯಿತು.

ಮಣ್ಣು ತೆಗೆಯುವ ದಿನ ಮತ್ತೆ ನನ್ನ ಸರದಿ ಬಂತು. ಮಾಳಿಗೆಗಳನ್ನೆಲ್ಲ ಆಗಲೇ ಕೆರೆದು ಬರಿದು ಮಾಡಿದ್ದರು. ಆಯಿ ಕಾಯಿ ಒಡೆದಳು. "ಹೊಟ್ಟಿ ನೋಯಾಕತ್ತೈತಿ" ಎಂದು ನಾನು ಮುದುರಿ ಕುಳಿತೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗತೊಡಗಿದರು. ಬಾಳವ್ವತ್ತಿ ಸೆರಗು ಸಿಗಿಸಿಕೊಂಡು ಎದ್ದಳು. "ಕೂಡಲಿ ಬಿಡ್ರೆ ಕೂಸು. ನಾ ಹೊಕ್ಕೀನಿ, ನಾ ಏನ ನಿಮ್ಮಂಗ ಹಗೇವಿನಷ್ಟ ಅದೀನೇನ?" ಎಂದು ಅವರನ್ನೇ ನಗಿಸಿದಳು. ಆಮೇಲೆ ನನ್ನ ಹತ್ತಿರ ಕೂತು, ಕಿವಿಯ ಬಳಿ ಕೇಳಿದಳು, "ಹೊಟ್ಟಿ ಅಲ್ಲ, ಹೌದಲ್ಲೊ?" ಹೌದೆಂದು ಗೋಣು ಹಾಕಿದೆ. ಅವಳಿಗೆ ಗೊತ್ತಾದದ್ದು ನನ್ನ ಅಂಜಿಕೆ, ಸೀಳಿನ ಸಂಗತಿ ಗೊತ್ತಿರಲಿಲ್ಲ. "ಅತ್ತಿ, ಮ್ಯಾಲೆ..." ಎಂದು ನಾನು ಶುರು ಮಾಡಿದ್ದೆ. "ಮ್ಯಾಲೆ ಏನ ಹುಡೇ ರೇಣಿ, ಬಿತ್ತೇನ?" ಎಂದು ಸತ್ಯವ್ವ ಕೂಗಿದಳು. ಎಲ್ಲರೂ ಗೊಳ್ಳೆಂದರು. ನಾನು ಮೊಣಕಾಲಿಗೆ ಮುಖ ಒತ್ತಿಕೊಂಡೆ. ಅತ್ತೆ ನನ್ನ ತಲೆ ಸವರಿ, ಬಗ್ಗಿ ಗವಿಯೊಳಗೆ ಹೋದಳು.

ಒಂಬತ್ತು ಬುಟ್ಟಿ ಹೊರಗೆ ಬಂದವು. ನಾನು ಎಣಿಸುತ್ತಿದ್ದೆ. ಪ್ರತಿ ಬುಟ್ಟಿಗೂ ಇನ್ನು ಸಾಕು, ಇನ್ನು ಸಾಕು ಎಂದು ಒಳಗೊಳಗೇ ಹನಮಪ್ಪನನ್ನು ಬೇಡುತ್ತಿದ್ದೆ. ಆಮೇಲೆ ಕೇಳಿದ ಸದ್ದು ದೊಡ್ಡದೇನಲ್ಲ. ಮಲಗಿದ್ದ ಕುರಿಹಿಂಡು ಒಮ್ಮೆಲೇ ಎದ್ದು ನಿಂತಂತಿತ್ತು, ಅಷ್ಟೇ. ಧೂಳಿನಲ್ಲಿ ನನಗೆ ನನ್ನ ಕೈಯೇ ಕಾಣಲಿಲ್ಲ. ಧೂಳು ಇಳಿದಾಗ ಹುಡೇದ ನಮ್ಮ ಕಡೆಯ ಮೈ ಇರಲಿಲ್ಲ, ಅಂಗಳದ ಅರ್ಧಕ್ಕೆ ಮಣ್ಣು ಬಂದು ನಿಂತಿತ್ತು. ಗುದ್ದಲಿ ಹಾಕಿದರೆ ಅವಳಿಗೆ ಬಡಿದೀತೆಂದು ಊರೆಲ್ಲ ಕೈಯಿಂದಲೇ ಕೆದರಿತು. ಸತ್ಯವ್ವನ ಉಗುರು ಕಿತ್ತು ರಕ್ತ ಬರುತ್ತಿತ್ತು, ಆದರೂ ಅವಳು ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಾಳವ್ವತ್ತಿ ಸಿಕ್ಕಳು. ಮಣ್ಣಿನೊಳಗಿಂದ ತೆಗೆದವಳನ್ನು ಸಂಜೆಗೆ ಮತ್ತೆ ಮಣ್ಣು ಮಾಡಿ ಬಂದರು.

ಮುಂದೆ ಹುಡೇದ ಉಳಿದ ಭಾಗವನ್ನೂ ಕೆಡವಿದರು, ಹನಮಪ್ಪನನ್ನು ಅಗಸಿಯ ಪಕ್ಕಕ್ಕೆ ತಂದು ಕೂಡಿಸಿದರು. ನಮ್ಮ ಮನೆಯ ಜಾಗದಲ್ಲಿ ಈಗ ರಸ್ತೆ ಇದೆ. ಮುತ್ಯಾ ಇಲ್ಲ, ಆಯಿ ಇಲ್ಲ, ಅವ್ವ ಅಪ್ಪ ಇಲ್ಲ, ಸತ್ಯವ್ವನೂ ಹೋದಳು. ಮೊನ್ನೆ ಮೊನ್ನೆ ತವರಿಗೆ ಹೋದಾಗ ನೀಲಿ ಬೋರ್ಡಿನ ಮುಂದೆ ಎರಡು ಮಕ್ಕಳು ನಿಂತು ಓದುತ್ತಿದ್ದವು, "ಹುಡೇ ಅಂದ್ರ ಏನಲೇ?" ಎಂದು ಒಂದು ಇನ್ನೊಂದನ್ನು ಕೇಳಿತು. ನಾನು ಹೇಳಬಹುದಿತ್ತು. ಹೇಳಲಿಲ್ಲ. ನಿಮಗಾದರೂ ಹೇಳಿ ಮುಗಿಸುತ್ತೇನೆ.

ಅತ್ತೆ ಹೋದ ಮೂರನೆಯ ದಿನ ಜಮಖಂಡಿ ದಿಕ್ಕಿನಿಂದ ಮುಗಿಲು ಕಪ್ಪಾಗಿ ಏರಿಬಂತು. ಊರ ಮಾಳಿಗೆಗಳೆಲ್ಲ ಬರಿಮೈಯಲ್ಲಿ ಇದ್ದವು. ಮಣ್ಣು ನಮ್ಮ ಅಂಗಳದಲ್ಲಿ ಗುಡ್ಡೆಯಾಗಿ ಬಿದ್ದಿತ್ತು, ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಹೆಂಗಸರು ಖಾಲಿ ಬುಟ್ಟಿ ಹಿಡಿದು ಓಣಿಯ ತುದಿಯಲ್ಲಿ ನಿಂತಿದ್ದರು, ಕೇಳಲಾರದೆ, ಹೋಗಲಾರದೆ. ಮೂರು ದಿನದಿಂದ ಮೂಲೆ ಬಿಟ್ಟೇಳದ ಆಯಿ ಎದ್ದು ಹೊರಗೆ ಬಂದಳು. ಮುಗಿಲು ನೋಡಿದಳು, ಅವರನ್ನು ನೋಡಿದಳು. "ಮಳಿ ಸೂತಕ ನೋಡೂದಿಲ್ಲ. ತುಂಬಕೋರೆ. ಇದರ ಸಲುವಾಗೇ ಒಳಗ ಹೋಗಿದ್ಲು ಆಕಿ." ಎಂದು ತಾನೇ ಕೂತು ಮೊದಲ ಬುಟ್ಟಿ ತುಂಬಿದಳು. ನನ್ನನ್ನು ಕರೆದು, ತಲೆಯ ಮೇಲೆ ಸಿಂಬಿ ಇಟ್ಟು, ಬುಟ್ಟಿ ಎತ್ತಿದಳು. ಆಗ ನನಗೆ ತಡೆಯಲಾಗಲಿಲ್ಲ. "ಆಯಿ, ನನಗ ಹೊಟ್ಟಿ ನೋವ ಇರಲಿಲ್ಲ. ಹನಮಪ್ಪನ ಹಿಂದ ಸೀಳಿತ್ತ. ನಾ ಕೈ ಇಟ್ಟ ನೋಡಿದ್ದೆ."

ಬುಟ್ಟಿ ಅವಳ ಕೈಯಲ್ಲೇ ನಿಂತಿತು. ಆಯಿ ಹೊಡೆಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಹೇಳಿದ್ರೂ ನಗತಿದ್ವಿ" ಎಂದಳು.

ಬುಟ್ಟಿಯನ್ನು ನನ್ನ ತಲೆಗೆ ಇಳಿಸಿ, ಜಾರದಂತೆ ನೇರ ಮಾಡಿದಳು. ನಾನು ಏಣಿ ಹತ್ತಿ ನಮ್ಮ ಮಾಳಿಗೆಯ ಮೇಲೆ ಅದನ್ನು ಸುರಿದೆ, ಮತ್ತೆ ಇಳಿದು ಬಂದೆ, ಮತ್ತೆ ಹೊತ್ತೆ. ಮಳೆ ಬೀಳುವುದರೊಳಗೆ ಅಂಗಳ ಖಾಲಿಯಾಯಿತು. ಆ ವರ್ಷ ಊರಿನಲ್ಲಿ ಒಂದು ಮನೆಯೂ ಸೋರಲಿಲ್ಲ.