ಡಯಾಲಿಸಿಸ್ ವ್ಯಾನಿನ ಬಿಗಿ ಸ್ಟೇರಿಂಗ್

ನಾಲ್ಕು ವರ್ಷದ ಹಿಂದಿನ ಮಾತು. ಕಾಗವಾಡದ ಮಿರಜ ರಸ್ತೆಯಲ್ಲಿ ನನ್ನ ಗ್ಯಾರೇಜು. ಅಪ್ಪನ ಕೈಕೆಳಗೆ ಪಾನಾ, ಅಂದರೆ ಸ್ಪ್ಯಾನರು, ಹಿಡಿದು ಶುರುಮಾಡಿದವನು, ಆ ಹೊತ್ತಿಗೆ ಮೂವತ್ತೆಂಟು ವರ್ಷ ಗಾಡಿಗಳ ಕೆಳಗೆ ಮಲಗಿದ್ದೆ. ಸ್ಟೇರಿಂಗ್ ಕೆಲಸವೆಂದರೆ ಸುತ್ತಲಿನ ಊರುಗಳಲ್ಲಿ ದಸ್ತಗೀರ ಮಿಸ್ತ್ರಿ ಎಂಬ ನನ್ನ ಹೆಸರೇ ಮೊದಲು ಬರುತ್ತಿತ್ತು. ಅದರ ಸೊಕ್ಕೂ ನನಗಿತ್ತು, ಸುಳ್ಳೇಕೆ ಹೇಳಲಿ? ಸಿಟ್ಟಂತೂ ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು.

ಆಗ ಚಿಂಚಲಿಯಿಂದ ಒಂದು ಮಿನಿವ್ಯಾನ್ ಸೋಮವಾರ, ಬುಧವಾರ, ಶುಕ್ರವಾರ ಕುಡಚಿ, ಉಗಾರ ದಾಟಿ ನಮ್ಮೂರಿನ ಮೇಲೆ ಮಿರಜಕ್ಕೆ ಹೋಗುತ್ತಿತ್ತು. ಕಿಡ್ನಿ ಕೈಕೊಟ್ಟ ಆರು ಮಂದಿಯನ್ನು ಡಯಾಲಿಸಿಸ್‌ಗೆ ಒಯ್ಯುವ ವ್ಯಾನ್ ಅದು. ಊರವರೇ ಕೂಡಿ ಮಾಡಿದ ಸಣ್ಣ ಟ್ರಸ್ಟಿನದು. ಅದರ ಹಿರಿಯರು ಅಪ್ಪಾಸಾಹೇಬರು. ಓಡಿಸುತ್ತಿದ್ದವಳು ಸುನಂದಾ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತನ್ನ ತಾಯಿಯನ್ನೂ ಎರಡು ವರ್ಷ ಇದೇ ವ್ಯಾನಿನಲ್ಲಿ ಕರೆದೊಯ್ದಿದ್ದಳು. ತಾಯಿ ತೀರಿಕೊಂಡ ಮೇಲೂ ಸ್ಟೇರಿಂಗ್ ಬಿಡಲಿಲ್ಲ. "ಅವ್ವನ ಸೀಟಿನ್ಯಾಗ ಈಗ ಬ್ಯಾರೆಯವರ ಅವ್ವ ಕುಂದರ್ತಾಳ್ರಿ ಚಾಚಾ, ಹೆಂಗ ಬಿಡ್ಲಿ?" ಎಂದು ಒಮ್ಮೆ ನನಗೇ ಹೇಳಿದ್ದಳು.

ಖಂಡೇನವಮಿ, ಅಂದರೆ ಆಯುಧಪೂಜೆ, ಮುಗಿದು ಐದಾರು ದಿನವಾಗಿರಬೇಕು. ಮಿರಜದಿಂದ ಮರಳುವಾಗ ವ್ಯಾನನ್ನು ನನ್ನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು.

"ಚಾಚಾ, ಸ್ಟೇರಿಂಗ್ ಬಿಗಿ ಹಿಡಿಯಾಕತ್ತೇತ್ರಿ. ಹೊಳ್ಳಿಸಿದ್ರ ಕುಂಯ್ ಅಂತೈತಿ. ಹಬ್ಬ ಆದಮ್ಯಾಲಿಂದ ಹಿಂಗ ಆಗೇತಿ."

"ಹಬ್ಬಕ್ಕೂ ಸ್ಟೇರಿಂಗಿಗೂ ಏನ ಸಂಬಂಧ ಬೇ?" ಎಂದು ನಾನು ನಕ್ಕೆ.

ಆ ವ್ಯಾನಿನದು ಹೈಡ್ರಾಲಿಕ್ ಪವರ್ ಸ್ಟೇರಿಂಗ್. ಇಂಜಿನ್ನಿನ ಬೆಲ್ಟಿನಿಂದ ಒಂದು ಪಂಪ್ ತಿರುಗುತ್ತದೆ. ಅದು ಸಣ್ಣ ಬಾಟಲಿಯಲ್ಲಿರುವ ಕೆಂಪು ಎಣ್ಣೆಯನ್ನು ಒತ್ತಡದಿಂದ ಕೆಳಗಿನ ರ್‍ಯಾಕಿಗೆ ಕಳಿಸುತ್ತದೆ. ರ್‍ಯಾಕ್ ಎಂದರೆ ಮುಂದಿನ ಗಾಲಿಗಳನ್ನು ಅತ್ತಿತ್ತ ತಳ್ಳುವ ಭಾಗ. ನಾವು ಅರ್ಧ ಜೋರು ಹಾಕಿದರೆ ಉಳಿದದ್ದನ್ನು ಎಣ್ಣೆ ಮಾಡಿಕೊಳ್ಳುತ್ತದೆ. ಎಣ್ಣೆ ಕಡಿಮೆಯಾದರೆ ಅಥವಾ ಒಳಗೆ ಗಾಳಿ ಹೊಕ್ಕರೆ ಪಂಪ್ ಕಿರುಗುಟ್ಟುತ್ತದೆ, ಸ್ಟೇರಿಂಗ್ ಭಾರವಾಗುತ್ತದೆ.

ಬಾಟಲಿ ನೋಡಿದೆ, ಎಣ್ಣೆ ಸ್ವಲ್ಪ ಇಳಿದಿತ್ತು. ಕೆಂಪೆಣ್ಣೆ ಸುರಿದೆ. ಗಾಡಿಯ ಮುಂಭಾಗ ಜಾಕ್ ಮೇಲೆ ಎತ್ತಿ, ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ಹತ್ತಿಪ್ಪತ್ತು ಸಲ ನಿಧಾನವಾಗಿ ತಿರುಗಿಸಿ ಗಾಳಿ ಹೊರಗೆ ಹಾಕಿದೆ. ಬೆಲ್ಟ್ ಸರಿಯಿತ್ತು, ಟೈರಿನ ಗಾಳಿಯೂ ಸರಿಯಿತ್ತು. ಎಣ್ಣೆಯ ಬಣ್ಣ ಮಂಕಾಗಿ ಕಂಡಿತು, ಹಳೆಯದಾಗಿದೆ ಎಂದುಕೊಂಡೆ. ಅಲ್ಲಿಗೇ ಸುಮ್ಮನಿರಬೇಕಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ!

"ತಿರುವಿನ್ಯಾಗ ಸ್ಟೇರಿಂಗ್ ಪೂರಾ ಹೊಳ್ಳಿಸಿ ಹಂಗ ಹಿಡಕೊಂಡ ನಿಂದರ್ತಿ ನೀ. ಅದಕ್ಕ ಪಂಪ್ ಒದ್ದಾಡತೈತಿ. ಗಾಡಿ ಓಡಸಾಕ ತೋಳಿನ್ಯಾಗ ಜೋರ ಬೇಕವ್ವಾ," ಎಂದೆ.

ಅವಳು ತನ್ನ ಕೈ ನೋಡಿಕೊಂಡಳು. "ಹೌದ್ರಿ," ಎಂದಷ್ಟೇ ಹೇಳಿ ಹೋದಳು.

ಮುಂದಿನ ವಾರ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಗಿಳಿದವು. ಶುಕ್ರವಾರ ಬೆಳಿಗ್ಗೆ ಉಗಾರದ ಬಳಿಯ ತಿರುವಿನಲ್ಲಿ ಎರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಎದುರಿಗೆ ಬಂತು. ಸುನಂದಾ ಎಡಕ್ಕೆ ತಿರುಗಿಸಿದರೆ ಸ್ಟೇರಿಂಗ್ ಬರಲೊಲ್ಲದು. ಮೈಭಾರವೆಲ್ಲ ಹಾಕಿ ಎಳೆದಾಗ ಒಮ್ಮೆಲೇ ತಿರುಗಿತು, ವ್ಯಾನ್ ರಸ್ತೆ ಬಿಟ್ಟು ಕಬ್ಬಿನ ಹೊಲಕ್ಕೆ ನುಗ್ಗಿ ನಿಂತಿತು. ಒಳಗಿದ್ದ ಆರೂ ಜನಕ್ಕೆ ಏನೂ ಆಗಲಿಲ್ಲ. ಆದರೆ ಜೀವ ಬಾಯಿಗೆ ಬಂದಿತ್ತು.

ಮಧ್ಯಾಹ್ನ ಅಪ್ಪಾಸಾಹೇಬರ ಫೋನು ಬಂತು.

"ಮಿಸ್ತ್ರಿ, ಖರೆ ಹೇಳು. ಐಬ ಗಾಡೀದೋ, ಹುಡುಗೀದೋ?"

"ಗಾಡಿ ನಾ ಮೊನ್ನೆ ನೋಡೇನ್ರಿ ಸಾಹೇಬ್ರ. ಪವರ್ ಸ್ಟೇರಿಂಗ್ ಇದ್ರೂ ತೋಳ ಬೇಕಲ್ರೀ," ಎಂದೆ.

ಇಷ್ಟೇ. ಒಂದೇ ಮಾತು. ಸೋಮವಾರದಿಂದ ಬೇರೆ ಡ್ರೈವರ್ ಎಂದು ಅವರು ತೀರ್ಮಾನಿಸಿಬಿಟ್ಟರು.

ಶನಿವಾರ ಬೆಳಿಗ್ಗೆ ಸುನಂದಾ ತಾನೇ ವ್ಯಾನ್ ತಂದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಜಗಳ ಮಾಡುತ್ತಾಳೆ ಎಂದು ನಾನೂ ಮೈ ಬಿಗಿದುಕೊಂಡೇ ಎದ್ದೆ. ಅವಳು ಚಾವಿ ನನ್ನ ಕೈಗಿಟ್ಟು ಹೇಳಿದಳು: "ಬ್ಯಾರೆಯವ್ರಿಗೆ ಕೊಡೂ ಮೊದಲ ಒಮ್ಮೆ ಪೂರಾ ಬಿಚ್ಚಿ ನೋಡ್ರಿ ಚಾಚಾ. ನನಗ ಏನ ಅಂದ್ರೂ ನಡೀತೈತಿ. ಆರು ಮಂದಿ ಕುಂದ್ರೂ ಗಾಡಿ ಅದು."

 ಇಂಜಿನ್ ಚಾಲು ಮಾಡಿ ನಾನೇ ಕೂತು ಸ್ಟೇರಿಂಗ್ ತಿರುಗಿಸಿದೆ. ಯಾ ಅಲ್ಲಾ! ಪಾನಾ ತಿರುವಿ ತಿರುವಿ ಗಟ್ಟಿಯಾದ ನನ್ನ ತೋಳೇ ನಡುಗಿದವು. ಈ ಸ್ಟೇರಿಂಗ್ ಹಿಡಿದು ಆಕೆ ವಾರಕ್ಕೆ ಮೂರು ಸಲ ಮಿರಜಕ್ಕೆ ಹೋಗಿ ಬರುತ್ತಿದ್ದಳೇ?

ಬಾನೆಟ್ ಎತ್ತಿದೆ. ಎಣ್ಣೆ ಮಿನಿಮಮ್ ಗೆರೆಗಿಂತ ಕೆಳಗಿತ್ತು, ಮೇಲೆಲ್ಲ ನೊರೆ. ಕೆಳಗೆ ರ್‍ಯಾಕಿನ ಎರಡೂ ತುದಿಯ ರಬ್ಬರ್ ಹೊದಿಕೆಗಳು ಒದ್ದೆ. ಅಂದರೆ ಒಳಗಿನ ಸೀಲುಗಳು ಸೋರುತ್ತಿವೆ. ಹದಿನೈದು ದಿನದ ಹಿಂದಿನವರೆಗೂ ಸೋರದಿದ್ದ ಸೀಲುಗಳು ಇಷ್ಟು ಬೇಗ ಹೇಗೆ ಹೋದವು? ಸಿರಿಂಜಿನಿಂದ ಸ್ವಲ್ಪ ಎಣ್ಣೆ ಎಳೆದು, ಚಹಾದ ಗಾಜಿನ ಲೋಟದಲ್ಲಿ ನೀರು ತುಂಬಿ ಅದರೊಳಗೆ ಬಿಟ್ಟೆ. ಕೆಂಪೆಣ್ಣೆ ತೇಲಿತು. ಆದರೆ ಕೆಳಗಿನ ನೀರೂ ಕದಡಿ ಮಬ್ಬಾಯಿತು. ಸ್ಟೇರಿಂಗ್ ಎಣ್ಣೆ ನೀರಿನಲ್ಲಿ ಕೂಡುವುದಿಲ್ಲ, ಬ್ರೇಕ್ ಆಯಿಲ್ ಕೂಡುತ್ತದೆ. ಬ್ರೇಕ್ ಆಯಿಲ್ ಈ ಬಾಟಲಿಗೆ ಬಿದ್ದರೆ ಪವರ್ ಸ್ಟೇರಿಂಗಿನ ರಬ್ಬರ್ ಸೀಲುಗಳು ಉಬ್ಬಿ ಮೆತ್ತಗಾಗಿ ಕೆಲಸಕ್ಕೆ ಬಾರದಂತಾಗುತ್ತವೆ.

"ಯಾವ ಕತ್ತೆ ಇದರಾಗ ಬ್ರೇಕ್ ಆಯಿಲ್ ಹಾಕೇತಿ?" ಎಂದು ಗ್ಯಾರೇಜೆಲ್ಲ ಕೇಳುವಂತೆ ಕೂಗಿದೆ.

ಆಗ ಪಕ್ಕದ ಬ್ರೇಕ್ ಆಯಿಲ್ ಬಾಟಲಿ ಕಣ್ಣಿಗೆ ಬಿತ್ತು. ಅದರ ಮುಚ್ಚಳದ ಮೇಲೆ ಭಂಡಾರ, ಅಂದರೆ ನಮ್ಮ ಕಡೆ ಮಾಯಕ್ಕ ದೇವಿಯ ಭಕ್ತರು ಹಚ್ಚುವ ಅರಿಶಿನ, ಒಣಗಿ ಗಟ್ಟಿಯಾಗಿ ಕೂತಿತ್ತು. ಮುಚ್ಚಳ ಮತ್ತು ಬಾಟಲಿ ಎರಡನ್ನೂ ಸುತ್ತಿ ಕಟ್ಟಿದ ಹೂವಿನ ದಾರ ಬಾಡಿದ್ದರೂ ಹರಿದಿರಲಿಲ್ಲ. ಹಬ್ಬದ ದಿನ ಹೂ ಕಟ್ಟಿದ ಮೇಲೆ ಆ ಮುಚ್ಚಳವನ್ನು ಯಾರೂ ತೆಗೆದೇ ಇರಲಿಲ್ಲ.

ಆ ದಾರ ನೋಡುತ್ತಿದ್ದಂತೆ ಹಬ್ಬದ ದಿನ ಕಣ್ಣಮುಂದೆ ಬಂತು.

ಖಂಡೇನವಮಿಗೆ ನಮ್ಮ ಗ್ಯಾರೇಜಿನಲ್ಲಿ ಅಪ್ಪನ ಕಾಲದ ಒಂದು ಪದ್ಧತಿ ಇದೆ. ಅವತ್ತು ಗಿರಾಕಿಗಳು ಗಾಡಿ ತೊಳೆದು, ಭಂಡಾರ ಕುಂಕುಮ ಹಚ್ಚಿ, ಹೂ ಕಟ್ಟಿ ತರುತ್ತಾರೆ. ಯಾವ ಗಾಡಿಯ ಯಾವ ಬಾಟಲಿಯೂ ಅರ್ಧ ಇರಬಾರದೆಂದು ನಾವು ಎಲ್ಲವನ್ನೂ ತುಂಬಿಸಿ ಕಳಿಸುತ್ತೇವೆ. ಆ ವರ್ಷ ಇಪ್ಪತ್ತಕ್ಕೂ ಹೆಚ್ಚು ಗಾಡಿ ಸಾಲುಗಟ್ಟಿದ್ದವು. ಬ್ರೇಕ್ ಆಯಿಲ್ ಡಬ್ಬಿ ಹಿಡಿದು ಸಾಲಿನುದ್ದಕ್ಕೂ ನಡೆದವನು ನಾನು. ಈ ವ್ಯಾನಿಗೂ ಹಾಕಿದ್ದು ಚೆನ್ನಾಗಿ ನೆನಪಿತ್ತು. ಚಿಂಚಲಿಯ ಮಂದಿ ಬಾನೆಟ್ಟಿನೊಳಗೂ ಕೈ ತುಂಬ ಭಂಡಾರ ಎರಚಿದ್ದರು. ಮುಚ್ಚಳದ ಮೇಲಿನ ಅಕ್ಷರ ಕಾಣುತ್ತಿರಲಿಲ್ಲ. ಒರೆಸಿ ಓದುವಷ್ಟು ವ್ಯವಧಾನ ನನಗಿರಲಿಲ್ಲ. ಕೈಗೆ ಸಿಕ್ಕ ಮುಚ್ಚಳ ತೆಗೆದೆ, ಸುರಿದೆ. ಅದು ಸ್ಟೇರಿಂಗ್ ಎಣ್ಣೆಯ ಬಾಟಲಿಯಾಗಿತ್ತು.

ನಾನು ಕೂಗಿ ಬೈದ ಆ ಕತ್ತೆ ನಾನೇ.

ಸುಮ್ಮನೆ ರ್‍ಯಾಕ್ ಬದಲಿಸಿ "ಹಳೇದಾಗಿತ್ತು" ಎಂದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂತು. ಬರಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ಲೋಟ ಹಿಡಿದು ನಿಂತೇ ಇದ್ದೆ.

"ಏನಾತ್ರಿ ಚಾಚಾ?" ಸುನಂದಾ ಹತ್ತಿರ ಬಂದಳು.

"ಐಬ ನಿಂದಲ್ಲವ್ವಾ. ಗಾಡೀದೂ ಅಲ್ಲ. ನಂದು," ಎಂದು ಎಲ್ಲ ಹೇಳಿದೆ. ಅವಳು ಅಲ್ಲಿ ಬಿದ್ದಿದ್ದ ಟೈರಿನ ಮೇಲೆ ಕುಳಿತುಬಿಟ್ಟಳು.

ಫೋನಿನಲ್ಲಿ ಹೇಳುವ ಮಾತಲ್ಲವೆಂದು ಬಸ್ಸು ಹತ್ತಿ ಚಿಂಚಲಿಗೆ ಹೋದೆ. ಅಪ್ಪಾಸಾಹೇಬರು ಕೊನೆಯವರೆಗೂ ಕೇಳಿದರು. ಮುಖ ಕೆಂಪಾಗಿತ್ತು.

"ನಿನ್ನ ಮಾತ ನಂಬಿ ಆ ಹುಡುಗಿಗೆ ನಾಕು ಮಂದಿ ಮುಂದ ಬೈದೆನಲ್ಲೋ ಮಿಸ್ತ್ರಿ!"

"ಆ ನಾಕು ಮಂದೀನ ಕರೀರಿ ಸಾಹೇಬ್ರ. ಅವರ ಮುಂದನ ಹೇಳತೇನಿ."

ಕರೆಸಿದರು, ಹೇಳಿದೆ. ನನ್ನ ವಯಸ್ಸಿನಲ್ಲಿ ಅದು ಸುಲಭದ ಕೆಲಸವಲ್ಲ. ಸುನಂದಾ ಡ್ರೈವರ್ ಆಗಿಯೇ ಉಳಿಯುತ್ತಾಳೆ ಎಂದು ಅಲ್ಲೇ ತೀರ್ಮಾನವಾಯಿತು.

ಸಾಂಗ್ಲಿಯಿಂದ ಹೊಸ ರ್‍ಯಾಕ್, ಪಂಪ್, ಹೋಸ್ ಪೈಪುಗಳನ್ನು ತರಿಸಿ ಭಾನುವಾರ ಇಡೀ ದಿನ ಕೂತು ಕೂಡಿಸಿದೆ. ಬಾಟಲಿಯನ್ನೂ ಬದಲಿಸಿ, ಹೊಸ ಕೆಂಪೆಣ್ಣೆ ಹಾಕಿ ಎರಡು ಸಲ ಹರಿಸಿ ಹೊರಚೆಲ್ಲಿ, ಮೂರನೆಯ ಸಲ ತುಂಬಿಸಿದೆ. ಸಂಜೆ ವ್ಯಾನ್ ಒಯ್ಯಲು ಬಂದ ಸುನಂದಾ ಗ್ಯಾರೇಜಿನ ಅಂಗಳದಲ್ಲಿ ಒಂದು ಸುತ್ತು ಹೊಡೆದಳು. ಎಷ್ಟೋ ದಿನದ ಮೇಲೆ ನಕ್ಕಳು.

"ತಪ್ಪಾತವ್ವಾ," ಎಂದೆ ಕಿಟಕಿಯ ಬಳಿ ನಿಂತು.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಚಾಚಾ," ಎಂದಳು. ಸ್ವಲ್ಪ ತಡೆದು, ನಾಚಿಕೊಂಡವಳಂತೆ ಹೇಳಿದಳು: "ನೀವ ಅಂದದ್ದ ಖರೆ ಅಂತ ತಿಳದಿದ್ನಿ. ದಿನಾ ಮುಂಜಾನೆ ಎದ್ದ ತುಂಬಿದ ಕೊಡ ಎತ್ತಿ ಎತ್ತಿ ಇಳಸತಿದ್ನಿ, ತೋಳ ಗಟ್ಟಿ ಆಗ್ಲಿ ಅಂತ. ಉಗಾರದಾಗ ಗಾಡಿ ಹೊಲಕ್ಕ ಹೋದಾಗೂ, ಇನ್ನೊಂದ ನಾಕು ಸಲ ಎತ್ತಬೇಕಿತ್ತು ಅಂತನ ಅನಿಸ್ತು."

 ವ್ಯಾನ್ ಹೋದ ಮೇಲೆ ಬ್ರೇಕ್ ಆಯಿಲ್ ಡಬ್ಬಿಗೆ, ಮುಚ್ಚಳ ಒರೆಸಲೆಂದು, ಒಂದು ಬಟ್ಟೆ ಕಟ್ಟಿಟ್ಟೆ.

ಗಾಡಿ ಮೊದಲಿನಂತಿಲ್ಲ ಎಂದು ಯಾರಾದರೂ ಬಂದು ಹೇಳಿದರೆ ಈಗ ನಾನು ಅವರ ಕೈ ನೋಡುವುದಿಲ್ಲ. ಯಾವತ್ತಿನಿಂದ ಹೀಗಾಗಿದೆ, ಅದಕ್ಕೂ ಮೊದಲು ಇದನ್ನು ಮುಟ್ಟಿದವರು ಯಾರು ಎಂದು ಕೇಳುತ್ತೇನೆ. ಮುಟ್ಟಿದವನು ಬಹಳ ಸಲ ನಾನೇ ಆಗಿರುತ್ತೇನೆ.