ವರ್ಡಿ ಗೇಟು ಹತ್ತಿದ ಶುಕ್ರವಾರ

ನಮ್ಮ ಪಶ್ಚಿಮ ಟೆಕ್ಸಾಸಲ್ಲಿ ಸೋಮವಾರ ನೀವು ಸೀನಿದ್ರೆ, ಪಕ್ಕದ ಮನೆಯವನ "ದೇವರು ಕಾಪಾಡ್ಲಿ" ಬಂದು ಮುಟ್ಟೋದು ಗುರುವಾರ. ಕಾಗೆಗಳು ಬುತ್ತಿ ಕಟ್ಕೊಂಡೇ ಹೊರಡೋದು. ನಂಬದಿದ್ರೆ ಬಿಡಿ, ಕಾಗೆಗೇನು ನಷ್ಟ.

ಇಂಥ ಬಯಲಲ್ಲಿ ಮೂವತ್ತೆಂಟು ವರ್ಷ ಕೌಂಟಿ ನರ್ಸ್ ಆಗಿ ಸೂಜಿ ಚುಚ್ಚಿದವಳು ವರ್ಡಿ ಹಟ್ಟೊ. ಅರವತ್ತೊಂದು ವಯಸ್ಸು, ಬೇಲಿಗೂಟದ ಹಾಗೆ ನೆಟ್ಟಗಿನ ಬೆನ್ನು. ಗಂಡ ಇಲ್ಲ, ಮಕ್ಕಳಿಲ್ಲ. ಇದ್ದಿದ್ದು ಒಂದು ಬಿಳಿ ವ್ಯಾನು, ಲಸಿಕೆ ಇಡೋಕೆ ಒಂದು ಐಸ್ ಪೆಟ್ಟಿಗೆ. ಆ ವ್ಯಾನಿನ ಜೊತೆ ಅವಳು ಮಾತಾಡ್ತಾಳೆ ಅಂತ ಜನ ನಗ್ತಿದ್ರು. ಅದು ಉತ್ತರ ಕೊಡೋದನ್ನ ಕೇಳಿದವರೂ ಇದ್ರು.

ನಮ್ಮ ದನದ ರಾಂಚುಗಳಲ್ಲಿ ಹೆಜ್ಜೆಗೊಂದು ಗೇಟು. ಅದಕ್ಕೊಂದು ಧರ್ಮ ಇದೆ: ತೆರೆದಿದ್ದ ಗೇಟು ತೆರೆದೇ ಇರ್ಲಿ, ಮುಚ್ಚಿದ್ದ ಗೇಟು ಮುಚ್ಚೇ ಇರ್ಲಿ. ಮಗು "ಅಮ್ಮಾ" ಅನ್ನೋಕೆ ಮುಂಚೆ ಇದನ್ನ ಕಲಿಯುತ್ತೆ. ಇನ್ನೊಂದೂ ಇದೆ. ಗಾಡಿಯಲ್ಲಿ ಇಬ್ರಿದ್ರೆ ಗೇಟು ತೆಗೆಯೋದು ಪಕ್ಕದಲ್ಲಿ ಕೂತವನ ಕೆಲಸ. ಒಬ್ರೇ ಇದ್ರೆ ಇಳಿ, ತೆಗಿ, ಹತ್ತು, ದಾಟಿಸು, ಮತ್ತೆ ಇಳಿ, ಹಾಕು, ಹತ್ತು. ವರ್ಡಿಗೆ ಪಕ್ಕದಲ್ಲಿ ಯಾರೂ ಕೂತಿದ್ದೇ ಇಲ್ಲ. ಆಯಸ್ಸಲ್ಲಿ ಆರು ವರ್ಷ ಬರೀ ಗೇಟು ತೆಗೆದು ಹಾಕೋದ್ರಲ್ಲೇ ಹೋಯ್ತು ಅಂತ ಅವಳೇ ಹೇಳೋಳು.

ಆದ್ರೆ ಅವಳು ಯಾರಿಗೂ ಹೇಳದ ಮಾತೊಂದಿತ್ತು.

ಹದಿನೆಂಟನೇ ವಯಸ್ಸಲ್ಲಿ ವರ್ಡಿ ಕಾಲೇಜಿಗೆ ಸೇರಿದಾಗ ಹಾಸ್ಟೆಲ್ ಕೋಣೆಯಲ್ಲಿ ಜೊತೆಗಿದ್ದವಳು ಜೋನೆಲ್. ಬಾಯಿ ಬಿಟ್ರೆ ಮುಚ್ಚದ ಹುಡುಗಿ. ಒಂದು ಸಂಜೆ "ತಲೆ ಸಿಡೀತಿದೆ ಕಣೇ, ಕತ್ತು ಬಗ್ಗಿಸೋಕೂ ಆಗ್ತಿಲ್ಲ, ಮಲಗ್ತೀನಿ" ಅಂದಳು. ವರ್ಡಿ ಓದಿ ಮುಗಿಸಿ ವಾಪಸ್ ಬಂದಾಗ ಕೋಣೆ ಬಾಗಿಲು ಮುಚ್ಚಿತ್ತು. ರಾಂಚಲ್ಲಿ ಬೆಳೆದ ಹುಡುಗಿ. ಮುಚ್ಚಿದ್ದು ಮುಚ್ಚೇ ಇರ್ಲಿ, ಪಾಪ ನಿದ್ದೆ ಮಾಡ್ಲಿ ಅಂತ ಎದುರು ಕೋಣೆಯಲ್ಲಿ ಚಾಪೆ ಹಾಕ್ಕೊಂಡಳು. ಬೆಳಗ್ಗೆ ಬಾಗಿಲು ತೆಗೆದವರು ಬೇರೆಯವರು. ಮಿದುಳು ಜ್ವರ ಜೋನೆಲ್‌ನ ಅಷ್ಟು ಹೊತ್ತಿಗೆ ತಗೊಂಡು ಹೋಗಿತ್ತು.

ಎಷ್ಟೋ ವರ್ಷ ಆದ್ಮೇಲೆ ಸರ್ಕಾರ ಕಾನೂನು ಮಾಡ್ತು. ಇಪ್ಪತ್ತೆರಡು ತುಂಬದವರು ಕಾಲೇಜಿಗೆ ಸೇರ್ಬೇಕಾದ್ರೆ ಮಿದುಳು ಜ್ವರದ ಲಸಿಕೆ ಬೇಕು. ಅದೂ ಐದು ವರ್ಷದ ಒಳಗಿನದು, ತರಗತಿ ಶುರುವಾಗೋ ಹತ್ತು ದಿನ ಮುಂಚೆ ಹಾಕಿಸಿದ್ದು. ಜನ ಗೊಣಗಿದ್ರು. ವರ್ಡಿ ಗೊಣಗಲಿಲ್ಲ. ಪ್ರತಿ ಆಗಸ್ಟಲ್ಲೂ ಒಂದು ತೋಳು ಬಿಡದೆ ಹುಡುಕ್ಕೊಂಡು ಹೋಗಿ ಚುಚ್ಚಿದಳು.

ಆ ವರ್ಷ ಉಳಿದಿದ್ದು ಒಂದೇ ತೋಳು, ಡೂಲಿ ಪ್ರೂಯಿಟ್ ಮಗಳು ಟ್ಯಾನ್ಸಿದು. ತರಗತಿ ಇಪ್ಪತ್ತಾರಕ್ಕೆ ಶುರು, ಹದಿನಾರನೇ ತಾರೀಕು ಶುಕ್ರವಾರವೇ ಸೂಜಿಗೆ ಕಡೇ ದಿನ. ಮಂಗಳವಾರ ಅಪ್ಪ ಮಗಳು ಕ್ಲಿನಿಕ್ಕಿಗೆ ಬಂದ್ರು. ಡೂಲಿ ಅಂಗಿ ಜೇಬಿಂದ ಬೆವರು ಹಿಡಿದ ಒಂದು ಚಿಕ್ಕ ಪುಸ್ತಕ ತೆಗೆದು ಮೇಜಿನ ಮೇಲೆ ಕುಕ್ಕಿದ. ದನದ ಎಣಿಕೆ ಪುಸ್ತಕ.

"ಓದು."

ವರ್ಡಿ ಓದಿದಳು. "ಹೋದ್ವರ್ಷ ಏಪ್ರಿಲ್ ಒಂಬತ್ತು. ಕರು ನಲವತ್ತೊಂದು, ಚಪ್ಪೆ ರೋಗದ ಸೂಜಿ. ಹೋರಿ ಎರಡು, ಅದೇ. ಟ್ಯಾನ್ಸಿ ಒಂದು, ಮಿದುಳು ಜ್ವರದ ಸೂಜಿ, ಎಡ ತೋಳು. ಒದೆಯಲಿಲ್ಲ."

"ಅಪ್ಪಾ!" ಟ್ಯಾನ್ಸಿ ಕಿವಿ ಕೆಂಪಾಯ್ತು.

"ಒದೆಯಲಿಲ್ವಲ್ಲ, ಅದನ್ನೇ ಬರೆದೆ."

"ಡೂಲಿ, ಇದಕ್ಕೆ ಡಾಕ್ಟರ ಸಹಿ ಬೇಕು."

"ಚುಚ್ಚಿದ ಡಾಕ್ಟ್ರು ಸತ್ತ. ಅವನ ಕಾಗದ ಎಲ್ಲ ಬೆಂಕಿಗೆ ಹೋಯ್ತು. ಅದಕ್ಕೆ ನಾನೇನ್ ಮಾಡ್ಲಿ?"

"ಇನ್ನೊಂದು ಚುಚ್ಚಿದ್ರೆ ಏನೂ ಆಗಲ್ಲಪ್ಪ. ಎರಡು ನಿಮಿಷ."

"ಮೂರು ಕೌಂಟಿ ವ್ಯಾಪಾರಿಗಳು ಈ ಪುಸ್ತಕ ನಂಬಿ ನನ್ನ ದನ ಕೊಳ್ತಾರೆ. ಇನ್ನೊಂದು ಚುಚ್ಚಿಸಿದ್ರೆ ಇದರಲ್ಲಿರೋದು ಸುಳ್ಳು ಅಂತ ನಾನೇ ಒಪ್ಪಿದ ಹಾಗೆ. ನನ್ನನ್ನ ಸುಳ್ಳುಗಾರ ಅಂತೀಯಾ ಮಿಸ್ ವರ್ಡಿ?"

"ನಾನಲ್ಲ, ಕಾಲೇಜು."

"ಹಂಗಾದ್ರೆ ಕಾಲೇಜೇ ಬಂದು ನನ್ನ ದನ ಎಣಿಸ್ಲಿ!" ಅಂತ ಟೋಪಿ ಒತ್ತಿಕೊಂಡು ಹೊರಟೇಬಿಟ್ಟ.

ಬಾಗಿಲಲ್ಲಿ ಟ್ಯಾನ್ಸಿ ಒಂದು ಗಳಿಗೆ ನಿಂತು ಪಿಸುಗುಟ್ಟಿದಳು. "ಶುಕ್ರವಾರ ಐದು ಗಂಟೆ ದಾಟಿದ್ರೆ ಸೀಟು ಹೋಗುತ್ತೆ ಮಿಸ್ ವರ್ಡಿ. ಜನವರಿವರೆಗೆ ಕಾಯ್ಬೇಕು. ಟ್ರಕ್ಕಿನ ಕೀ ಅಪ್ಪನ ಹತ್ರ."

ಬುಧವಾರ ಫೋನ್ ಬರಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರ ಬೆಳಗ್ಗೆ ವರ್ಡಿ ಐಸ್ ಪೆಟ್ಟಿಗೆ ತುಂಬ್ಕೊಂಡು ಹೊರಟಳು. ತೊಂಬತ್ತನಾಲ್ಕು ಮೈಲಿ, ಏಳು ಗೇಟು. ಆರು ಗೇಟಿಗೆ ಹನ್ನೆರಡು ಸಲ ಇಳಿದು ಹತ್ತಿದಳು. ಏಳನೇದಕ್ಕೆ ಸರಪಳಿ, ಬೀಗ.

ಹಾರ್ನ್ ಹೊಡೆದಳು. ದೂರದಲ್ಲಿ ಒಂದು ಹಸು ತಲೆ ಎತ್ತಿ ನೋಡಿ ಮತ್ತೆ ಮೇಯೋಕೆ ಶುರುಮಾಡ್ತು. ಫೋನಿಗೆ ಸಿಗ್ನಲ್ ಇಲ್ಲ. ಬಿಸಿಲು ಎಂಥದ್ದು ಅಂದ್ರೆ ಹಲ್ಲಿಗಳು ಕಾಲು ಸುಡುತ್ತೆ ಅಂತ ಸರದಿ ಮೇಲೆ ಒಂದರ ಬೆನ್ನ ಮೇಲೆ ಒಂದು ಕೂತಿದ್ವು. ವರ್ಡಿ ಗೇಟಿನ ಕಂಬಿ ಹಿಡ್ಕೊಂಡು ಅರ್ಧ ಗಂಟೆ ನಿಂತಳು. ಕಣ್ಣು ಹಾಯೋ ದೂರದಲ್ಲಿ ಅವಳ ಹೆಸರು ಹಿಡಿದು ಕರೆಯೋ ಜೀವ ಒಂದೂ ಇರಲಿಲ್ಲ. ಮುಚ್ಚಿದೆ. ಮುಚ್ಚಿದ್ದು ಮುಚ್ಚೇ ಇರ್ಲಿ. ವಾಪಸ್ ಹೋದ್ರೆ ಯಾರೂ ತಪ್ಪು ಅನ್ನಲ್ಲ. ಆವತ್ತೂ ಯಾರೂ ಅಂದಿರಲಿಲ್ಲ.

"ಇದೊಂದ್ಸಲ ಗೇಟಿನ ಧರ್ಮ ಸಾಕಪ್ಪಾ" ಅಂತ ವ್ಯಾನಿಗೆ ಹೇಳಿ, ಪೆಟ್ಟಿಗೆ ಆಚೆ ಇಳಿಬಿಟ್ಟು, ಗೇಟು ಹತ್ತಿದಳು. ಮೊಣಕಾಲು ಬೈಯ್ತು, ಪ್ಯಾಂಟು ಚರ್ ಅಂತು. ಆಮೇಲೆ ಎರಡು ಮೈಲಿ ನಡೆದಳು.

ಡೂಲಿ ನೀರಿನ ತೊಟ್ಟಿ ಹತ್ರ ಪೈಪು ಬಿಗಿತಿದ್ದ. ಅವಳನ್ನ ಕಂಡು ಎದ್ದು ನಿಂತ. "ಗೇಟಿಗೆ ಬೀಗ ಇತ್ತಲ್ಲ?"

"ಈಗಲೂ ಇದೆ. ನಾನು ಮುಟ್ಟಿಲ್ಲ."

"ಹತ್ತಿ ಬಂದ್ಯಾ? ಈ ವಯಸ್ಸಲ್ಲಿ? ಗುಂಡು ಹೊಡೆದಿದ್ರೆ?"

"ಹೊಡಿ. ಆದ್ರೆ ಮೊದಲು ನೀರು ಕೊಡು."

ನೀರು ಕುಡಿದಳು. ಕುಡಿದು, ನಲವತ್ತಮೂರು ವರ್ಷ ಒಳಗೇ ಇಟ್ಟಿದ್ದ ಜೋನೆಲ್ ವಿಷಯ ಹೇಳಿದಳು. ಉದ್ದ ಎಳೀಲಿಲ್ಲ. "ನಿನ್ನ ಪುಸ್ತಕ ನಿಜ ಡೂಲಿ. ನನಗೆ ಗೊತ್ತು. ಆದ್ರೂ ಆವತ್ತೊಂದು ಬಾಗಿಲು ನಾನು ತೆಗೀಲಿಲ್ಲ" ಅಂದಳು.

ಮಾತು ಕೇಳಿ ಮನೆಯಿಂದ ಬಂದ ಟ್ಯಾನ್ಸಿ ಅಷ್ಟರಲ್ಲಿ ಅಂಗಿ ತೋಳು ಮೇಲಕ್ಕೆ ಮಡಚಿದ್ದಳು. "ಅಪ್ಪಾ, ನನಗೆ ಹದಿನೆಂಟು. ನಿನ್ನ ಕೇಳ್ಬೇಕು ಅಂತೇನಿಲ್ಲ. ಆದ್ರೂ ಕೇಳ್ತಿದೀನಿ."

ಡೂಲಿ ಪೈಪು ಕೆಳಗಿಟ್ಟು, ಟೋಪಿ ಪಟ್ಟಿಯಿಂದ ಪೆನ್ಸಿಲ್ ಎಳೆದು, ಪುಸ್ತಕ ಬಿಚ್ಚಿದ.

"ಯಾವ ತೋಳು?" ಅಂದ.

ವಾಪಸ್ ಬರುವಾಗ ಡೂಲಿ ಟ್ರಕ್ಕಲ್ಲಿ ಗೇಟಿನವರೆಗೆ ತಂದುಬಿಟ್ಟು ಬೀಗ ತೆಗೆದುಕೊಟ್ಟ. ಟ್ಯಾನ್ಸಿ ಕುದುರೆ ಏರಿ ವ್ಯಾನಿನ ಮುಂದೆ ಹೊರಟಳು. ಜೀನಿನ ಮೇಲಿಂದಲೇ ಬಗ್ಗಿ ಉಳಿದ ಆರೂ ಗೇಟು ತೆಗೆದಳು, ಆರೂ ಹಾಕಿದಳು. ಮೂವತ್ತೆಂಟು ವರ್ಷದಲ್ಲಿ ಮೊದಲನೇ ಸಲ ವರ್ಡಿ ಸೀಟಿಂದ ಇಳೀಲಿಲ್ಲ. ಸ್ಟೇರಿಂಗ್ ಹಿಡ್ಕೊಂಡು ಕೈ ಏನು ಮಾಡ್ಬೇಕು ಅಂತ ಗೊತ್ತಾಗದೆ ಕೂತಿದ್ಲು.

ಹೆದ್ದಾರಿ ಹತ್ರ ಕಿಟಕಿ ಇಳಿಸಿದಳು. "ಕೇಳಮ್ಮ, ಈ ಸೂಜಿ ಎಲ್ಲ ಜ್ವರಾನೂ ತಡೆಯಲ್ಲ. ಜ್ವರ ಬಂದು ಕತ್ತು ಬಗ್ಗದಿದ್ರೆ ಒಬ್ಬಳೇ ಮಲಗ್ಬೇಡ. ಯಾರದ್ದಾದ್ರೂ ಬಾಗಿಲು ಬಡಿ. ಬೇರೆಯವರ ಬಾಗಿಲು ಮುಚ್ಚಿದ್ರೂ ಬಡಿ."

"ಸರಿ ಮೇಡಂ."

ಕನ್ನಡಿಯಲ್ಲಿ ಹುಡುಗಿ, ಕುದುರೆ, ಗೇಟು ಮೂರೂ ಚಿಕ್ಕದಾಗಿ ಧೂಳಲ್ಲಿ ಹೋದ್ವು. ನಾಲ್ಕು ನಲವತ್ತಕ್ಕೆ ವರ್ಡಿ ಕಾಲೇಜಿನ ಕಿಟಕಿಯಲ್ಲಿ ಕಾಗದ ಕೊಟ್ಟಳು. ಒಳಗಿದ್ದವನು ತಲೆ ಎತ್ತದೆ ಮುದ್ರೆ ಒತ್ತಿ "ಸೇರ್ಕೊಂಡ್ಳು" ಅಂದ. ಅಷ್ಟೇ.

ಮನೆಗೆ ಬಂದು ತಣ್ಣಗಿನ ಬೀನ್ಸ್ ಕಾಳು, ಮೆಕ್ಕೆಜೋಳದ ರೊಟ್ಟಿ ತಿಂತಿರುವಾಗ ಫೋನ್ ರಿಂಗಾಯ್ತು. ಡೂಲಿ.

"ನಿನ್ನನ್ನೂ ನನ್ನ ಪುಸ್ತಕಕ್ಕೆ ಹಾಕಿದೀನಿ ಮಿಸ್ ವರ್ಡಿ."

"ಏನಂತ?"

"'ಆಗಸ್ಟ್ ಹದಿನಾರು. ಟ್ಯಾನ್ಸಿ ಒಂದು, ಎಡ ತೋಳು. ನರ್ಸ್ ಒಂದು, ಗೇಟು ಹತ್ತಿ ಬಂತು. ಎರಡೂ ಒದೆಯಲಿಲ್ಲ.'"

ವರ್ಡಿ ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಫೋನ್ ಇಟ್ಟ ಮೇಲೆ ಮನೆ ಮತ್ತೆ ಸುಮ್ಮನಾಯ್ತು. ಬರುವಾಗ ಕೈಯಲ್ಲಿ ಪೆಟ್ಟಿಗೆ ಇತ್ತಲ್ಲ, ಮುಂಬಾಗಿಲು ಹಾಗೇ ತೆರೆದಿತ್ತು. ಹಾಕೋಣ ಅಂತ ಎದ್ದಳು. ಹೊರಗೆ ಬಯಲು ಬಿಟ್ರೆ ಯಾರೂ ಇಲ್ಲ, ಬರೋರೂ ಇಲ್ಲ. ಒಂದು ಗಳಿಗೆ ನೋಡಿ, ತೆರೆದೇ ಬಿಟ್ಟು ಬಂದು ತಟ್ಟೆ ಮುಂದೆ ಕೂತಳು.